ಒಬಾಮೀಟರ್ ಅಂದ್ರೆ ಏನು, ಒಂದು ವರ್ಷಕ್ಕೆ ಪ್ರೆಸಿಡೆಂಟ್‌ಗೆ ಮಾರ್ಕ್ಸ್ ಹಾಕೋದು ಹೇಗೆ

ಮೀಟರ್ ಅಂದ ತಕ್ಷಣ ಬೆಂಗಳೂರಿನೋರಿಗೆ ನೆನಪಾಗೋದು ಆಟೋ, ಅದರಲ್ಲೂ ಹತ್ತುವಾಗ ಒಂದು ರೇಟು ಇಳಿಯುವಾಗ ಇನ್ನೊಂದು ರೇಟು ಹೇಳೋ ಆಟೋ. ಒಬಾಮೀಟರ್ ಅನ್ನೋ ಪದ ಹುಟ್ಟಿದ್ದೂ ಹೆಚ್ಚುಕಮ್ಮಿ ಅದೇ ತಕರಾರಿಗೆ. ಓಟು ಕೇಳುವಾಗ ಹೇಳಿದ್ದೇನು, ಕುರ್ಚಿ ಮೇಲೆ ಕೂತ ಮೇಲೆ ಮಾಡಿದ್ದೇನು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಮಾಡಿಕೊಂಡ ಒಂದು ಲೆಕ್ಕದ ಪುಸ್ತಕ ಅಷ್ಟೇ.

ಅಮೆರಿಕದ ಫ್ಲಾರಿಡಾದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಟೈಮ್ಸ್ ಅಂತ ಒಂದು ಪೇಪರ್ ಇತ್ತು (ಈಗ ಅದರ ಹೆಸರು ಟ್ಯಾಂಪಾ ಬೇ ಟೈಮ್ಸ್), ಅವರು 2007ರಲ್ಲಿ ಪೊಲಿಟಿಫ್ಯಾಕ್ಟ್ ಅಂತ ಶುರು ಮಾಡಿದ್ರು, ರಾಜಕಾರಣಿಗಳು ಹೇಳಿದ್ದು ನಿಜಾನಾ ಸುಳ್ಳಾ ಅಂತ ಚೆಕ್ ಮಾಡೋ ಕೆಲಸ. 2008ರ ಎಲೆಕ್ಷನ್ನಲ್ಲಿ ಮಾಡಿದ ಆ ಕೆಲಸಕ್ಕೆ 2009ರಲ್ಲಿ ಪುಲಿಟ್ಜರ್ ಪ್ರೈಜ್ (ಅಮೆರಿಕದಲ್ಲಿ ಪತ್ರಿಕೆಯೋರಿಗೆ ಕೊಡೋ ದೊಡ್ಡ ಪ್ರಶಸ್ತಿ) ಕೂಡ ಬಂತು. ಒಬಾಮಾ ಗೆದ್ದ ಮೇಲೆ ಇವರು ಮಾಡಿದ್ದೇನಂದ್ರೆ, ಆ ಮನುಷ್ಯ ಭಾಷಣದಲ್ಲಿ, ಡಿಬೇಟ್‌ನಲ್ಲಿ, ಕ್ಯಾಂಪೇನ್ ವೆಬ್‌ಸೈಟ್‌ನಲ್ಲಿ ಎಲ್ಲೆಲ್ಲಿ ಏನೇನು ಮಾಡ್ತೀನಿ ಅಂದಿದ್ರೋ ಎಲ್ಲಾ ಹೆಕ್ಕಿ ಹೆಕ್ಕಿ ಪಟ್ಟಿ ಮಾಡಿದ್ರು, ಆ ಪಟ್ಟಿ 500 ದಾಟ್ತು. ಐನೂರು! ನಮ್ಮ ಕಡೆ ಒಂದು ಪಕ್ಷದ ಪ್ರಣಾಳಿಕೆ ಪೂರ್ತಿ ಓದಿರೋರೇ ಸಿಗಲ್ಲ, ಇವರು ಒಬ್ಬ ಮನುಷ್ಯನ ಬಾಯಿಂದ ಬಂದಿದ್ದನ್ನ ನಂಬರ್ ಹಾಕಿ ಫೈಲ್ ಮಾಡಿಟ್ರು. ಅದಕ್ಕೆ ಇಟ್ಟ ಹೆಸರೇ ಒಬಾಮೀಟರ್.

ಪ್ರತಿ ಭರವಸೆಗೂ ಒಂದು ಮುದ್ರೆ ಬೀಳುತ್ತೆ. ಪ್ರಾಮಿಸ್ ಕೆಪ್ಟ್ ಅಂದ್ರೆ ಕೊಟ್ಟ ಮಾತು ಉಳಿಸ್ಕೊಂಡ್ರು. ಪ್ರಾಮಿಸ್ ಬ್ರೋಕನ್ ಅಂದ್ರೆ ಮಾತು ತಪ್ಪಿದ್ರು. ಕಾಂಪ್ರಮೈಸ್ ಅಂದ್ರೆ ಹೇಳಿದಷ್ಟು ಆಗ್ಲಿಲ್ಲ ಆದ್ರೆ ಏನೋ ಒಂದಿಷ್ಟು ಆಯ್ತು. ಸ್ಟಾಲ್ಡ್ ಅಂದ್ರೆ ಗಾಡಿ ನಿಂತಿದೆ, ಇನ್ ದ ವರ್ಕ್ಸ್ ಅಂದ್ರೆ ಗಾಡಿ ಹೋಗ್ತಾ ಇದೆ. ಒಬಾಮಾ ಅಧಿಕಾರ ತಗೊಂಡಿದ್ದು 2009ರ ಜನವರಿ 20ಕ್ಕೆ, ಅಲ್ಲಿಂದ ಸರಿಯಾಗಿ ಒಂದು ವರ್ಷಕ್ಕೆ ನೋಡಿದ್ರೆ ಉಳಿಸಿಕೊಂಡ ಮಾತು ಹತ್ತಿರ ಹತ್ತಿರ 90, ತಪ್ಪಿದ್ದು 15ರ ಆಸುಪಾಸು, ಉಳಿದಿದ್ದರಲ್ಲಿ ಬಹುಪಾಲು ಇನ್ ದ ವರ್ಕ್ಸ್. ಈ ನಂಬರ್ ಇಟ್ಕೊಂಡು ಅವರ ಪಾರ್ಟಿಯೋರು ನೋಡಿ 90 ಆಯ್ತು ಅಂದ್ರು, ಎದುರು ಪಾರ್ಟಿಯೋರು 500ರಲ್ಲಿ ಬರೀ 90ಆ ಅಂದ್ರು, ಇಬ್ಬರೂ ಸುಳ್ಳು ಹೇಳ್ತಿಲ್ಲ, ಅದೇ ಇದರ ಮಜಾ.

ಒಬಾಮಾ ಅವರೇ ತಮಗೆ ಮಾರ್ಕ್ಸ್ ಹಾಕ್ಕೊಂಡಿದ್ದೂ ಇದೆ. 2009ರ ಡಿಸೆಂಬರ್‌ನಲ್ಲಿ ಟೀವಿ ನಿರೂಪಕಿ ಓಪ್ರಾ ವಿನ್‌ಫ್ರಿ ಕೇಳಿದಾಗ ಬಿ ಪ್ಲಸ್ ಕೊಟ್ಕೋತೀನಿ ಅಂದ್ರು, ಹೆಚ್ಚು ಜನಕ್ಕೆ ಆರೋಗ್ಯ ವಿಮೆ ಸಿಗೋ ಹಾಗೆ ಮಾಡೋ ಹೆಲ್ತ್‌ಕೇರ್ ಕಾನೂನು ಪಾಸಾದ್ರೆ ಎ ಮೈನಸ್ ಅಂತ. ಬರೆದೋರೇ ಪೇಪರ್ ತಿದ್ದಿಕೊಂಡ್ರೆ ಫೇಲ್ ಅಂತೂ ಆಗಲ್ಲ ಬಿಡಿ.

ಸರಿ, ಟರ್ಮ್ ಇರೋದು ನಾಲ್ಕು ವರ್ಷ, ಒಂದೇ ವರ್ಷಕ್ಕೆ ಯಾಕೆ ಲೆಕ್ಕ ಕೇಳ್ತಾರೆ? ಸಂವಿಧಾನದಲ್ಲೇನೂ ಹಾಗೆ ಬರೆದಿಲ್ಲ. 1933ರಲ್ಲಿ ರೂಸ್‌ವೆಲ್ಟ್ ಬಂದಾಗ ದೇಶ ಮುಳುಗೋ ಸ್ಥಿತಿಯಲ್ಲಿತ್ತು, ಮೊದಲ 100 ದಿನದಲ್ಲಿ ರಾಶಿ ಕಾನೂನು ಪಾಸ್ ಮಾಡಿಸಿದ್ರು, ಅವತ್ತಿಂದ ಬಂದೋರಿಗೆಲ್ಲ 100 ದಿನದ ಪರೀಕ್ಷೆ, ಆಮೇಲೆ ಒಂದು ವರ್ಷದ ಪರೀಕ್ಷೆ ಅಂತ ಪತ್ರಿಕೆಯೋರು ರೂಢಿ ಮಾಡ್ಕೊಂಡ್ರು. ಆದ್ರೆ ಇದಕ್ಕೊಂದು ಗಟ್ಟಿ ಕಾರಣಾನೂ ಇದೆ, ಎರಡನೇ ವರ್ಷದ ನವೆಂಬರ್‌ಗೆ ಮಿಡ್‌ಟರ್ಮ್ ಎಲೆಕ್ಷನ್ ಬರುತ್ತೆ, ಕಾಂಗ್ರೆಸ್ ಅಂದ್ರೆ ಅಲ್ಲಿನ ಪಾರ್ಲಿಮೆಂಟ್, ಅದರ ಎರಡು ಸದನದಲ್ಲಿ ಹೌಸ್ ಪೂರ್ತಿ, ಸೆನೆಟ್ ಮೂರನೇ ಒಂದು ಭಾಗ ಮತ್ತೆ ಜನರ ಮುಂದೆ ಹೋಗ್ಬೇಕು, ಆಗ ಯಾವ ಎಂಪಿಗೂ ರಿಸ್ಕ್ ಇರೋ ಓಟು ಹಾಕೋ ಧೈರ್ಯ ಇರಲ್ಲ, ಜೊತೆಗೆ ಸಾಮಾನ್ಯವಾಗಿ ಪ್ರೆಸಿಡೆಂಟ್ ಪಾರ್ಟಿ ಸೀಟು ಕಳ್ಕೊಳ್ಳುತ್ತೆ. ಹಾಗಾಗಿ ದೊಡ್ಡದೇನಾದ್ರೂ ಮಾಡೋದಿದ್ರೆ ಮೊದಲ ವರ್ಷವೇ.

ಈಗ ನನಗೆ ಈ ಮೀಟರ್ ಬಗ್ಗೆ ಇರೋ ನಿಜವಾದ ಮಾತಿಗೆ ಬರ್ತೀನಿ, ಒಟ್ಟು ನಂಬರ್ ನೋಡಿದ್ರೆ ಏನೂ ಗೊತ್ತಾಗಲ್ಲ, ಒಂದೊಂದು ಸಾಲು ಬಿಡಿಸಿ ಓದಬೇಕು. ಉದಾಹರಣೆಗೆ ಒಬಾಮಾ ಸಹಿ ಹಾಕಿದ ಮೊದಲ ಕಾನೂನು, ಲಿಲ್ಲಿ ಲೆಡ್‌ಬೆಟರ್ ಆಕ್ಟ್, 2009ರ ಜನವರಿ 29. ಸಂಬಳದಲ್ಲಿ ತಾರತಮ್ಯ ಆದ ಹೆಂಗಸರು ಕೋರ್ಟಿಗೆ ಹೋಗೋಕೆ ಇದ್ದ ಗಡುವನ್ನ ಸಡಿಲ ಮಾಡಿದ ಕಾನೂನು, ಕ್ಯಾಂಪೇನ್‌ನಲ್ಲಿ ಇದರ ಬಗ್ಗೆ ಜೋರಾಗೇ ಮಾತಾಡಿದ್ರು, ಸೋ ಮಾತು ಉಳಿಸ್ಕೊಂಡ ಹಾಗಾಯ್ತು. ಆದ್ರೆ ಅದೇ ಕ್ಯಾಂಪೇನ್‌ನಲ್ಲಿ ಇನ್ನೊಂದು ಮಾತೂ ಕೊಟ್ಟಿದ್ರು, ಯಾವುದೇ ಬಿಲ್‌ಗೆ ಸಹಿ ಹಾಕೋ ಮುಂಚೆ 5 ದಿನ ಅದನ್ನ ಇಂಟರ್ನೆಟ್‌ನಲ್ಲಿ ಹಾಕ್ತೀವಿ, ಜನ ಓದಿ ಅಭಿಪ್ರಾಯ ಹೇಳಲಿ ಅಂತ. ಈ ಬಿಲ್ ಕಾಂಗ್ರೆಸ್ ದಾಟಿದ್ದು ಜನವರಿ 27ಕ್ಕೆ, ಸಹಿ ಬಿದ್ದಿದ್ದು 29ಕ್ಕೆ. ಒಂದೇ ಪೆನ್ನು, ಒಂದೇ ಸಹಿ, ಒಂದು ಮಾತು ಉಳೀತು ಇನ್ನೊಂದು ಮುರೀತು. ಕೂಡಿ ಕಳೆದು ಏನು ಬಂತು ಹೇಳಿ?

ಎರಡನೇ ತೊಂದರೆ ತೂಕದ್ದು. ಗೆದ್ದ ರಾತ್ರಿ ಒಬಾಮಾ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ವೈಟ್‌ಹೌಸ್‌ಗೆ ಹೋಗುವಾಗ ಒಂದು ನಾಯಿಮರಿ ಅಂತ ಎಲ್ಲರ ಮುಂದೆ ಹೇಳಿದ್ರು, 2009ರ ಏಪ್ರಿಲ್‌ನಲ್ಲಿ ಬೋ ಅನ್ನೋ ಪೋರ್ಚುಗೀಸ್ ವಾಟರ್ ಡಾಗ್ ಬಂತು, ಒಬಾಮೀಟರ್‌ನಲ್ಲಿ ಅದಕ್ಕೂ ಒಂದು ಸಾಲು, ಪ್ರಾಮಿಸ್ ಕೆಪ್ಟ್. ಗ್ವಾಂಟಾನಮೋ ಜೈಲು ಮುಚ್ಚೋದೂ ಒಂದು ಸಾಲು. ಮೀಟರ್‌ಗೆ ನಾಯಿಮರಿನೂ ಒಂದೇ ಗ್ವಾಂಟಾನಮೋನೂ ಒಂದೇ!

ಗ್ವಾಂಟಾನಮೋ ಕಥೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಮೊದಲ ವರ್ಷದ ಲೆಕ್ಕ ಹಾಕುವಾಗ ಎಲ್ರೂ ಎಡವೋದು ಇಂಥ ಕಡೆಯೇ. ಕ್ಯೂಬಾದಲ್ಲಿರೋ ಅಮೆರಿಕದ ನೌಕಾನೆಲೆಯ ಆ ಜೈಲಲ್ಲಿ ಆಗ ಸುಮಾರು 240 ಜನ ಇದ್ರು. ಕುರ್ಚಿ ಮೇಲೆ ಕೂತ ಎರಡೇ ದಿನಕ್ಕೆ, ಜನವರಿ 22ಕ್ಕೆ, ಒಂದು ವರ್ಷದೊಳಗೆ ಮುಚ್ಚಬೇಕು ಅಂತ ಒಬಾಮಾ ಆರ್ಡರ್‌ಗೆ ಸಹಿ ಹಾಕಿದ್ರು, ಹಿಂದೆ ರಿಟೈರ್ಡ್ ಮಿಲಿಟರಿ ಅಧಿಕಾರಿಗಳು ಸಾಲಾಗಿ ನಿಂತಿದ್ರು, ಫೋಟೋ ಎಲ್ಲಾ ಕಡೆ ಬಂತು. ಅವತ್ತು ಮಾರ್ಕ್ಸ್ ಹಾಕಿದ್ರೆ ಫುಲ್ ಮಾರ್ಕ್ಸೇ. ಆದ್ರೆ ಸಹಿ ಹಾಕೋದು ಬೇರೆ, ಬಾಗಿಲು ಮುಚ್ಚೋದು ಬೇರೆ. ಒಳಗಿರೋರನ್ನ ಎಲ್ಲಿಗೆ ಕಳಿಸೋದು, ಯಾವ ರಾಜ್ಯ ಇಟ್ಕೊಳ್ಳುತ್ತೆ, ಯಾರ ಮೇಲೆ ಕೇಸ್ ನಡೆಸೋದು, ಯಾವುದಕ್ಕೂ ಉತ್ತರ ರೆಡಿ ಇರಲಿಲ್ಲ. ಮುಚ್ಚೋ ಖರ್ಚಿಗೆ 8 ಕೋಟಿ ಡಾಲರ್ ಕೇಳಿದ್ರೆ ಮೇ ತಿಂಗಳಲ್ಲಿ ಸೆನೆಟ್ 90-6 ಓಟಿನಲ್ಲಿ ಕೊಡಲ್ಲ ಅಂತು, ಅಂದ್ರೆ ಅವರ ಸ್ವಂತ ಪಾರ್ಟಿಯೋರೇ ಕೈ ಎತ್ತಿಬಿಟ್ರು, ಯಾರಿಗೂ ತಮ್ಮೂರ ಹತ್ತಿರ ಆ ಕೈದಿಗಳು ಬೇಡ. ಡಿಸೆಂಬರ್‌ನಲ್ಲಿ ಇಲಿನಾಯ್‌ನ ಥಾಮ್ಸನ್ ಅನ್ನೋ ಊರಿನ ಜೈಲಿಗೆ ಸಾಗಿಸ್ತೀವಿ ಅಂದ್ರು, ಅದೂ ಆಗ್ಲಿಲ್ಲ. ವರ್ಷ ಮುಗೀತು, ಗಡುವು ಮುಗೀತು, ಜೈಲು ಹಾಗೇ ಇತ್ತು, ಇವತ್ತಿಗೂ ಇದೆ. ಎಂಟು ವರ್ಷ ಮುಗಿಸಿ ಒಬಾಮಾ ಹೊರಡುವಾಗ ಒಳಗಿದ್ದೋರು 41 ಜನ. 240ರಿಂದ 41ಕ್ಕೆ ಇಳಿದಿದೆ, ಆದ್ರೆ ಮುಚ್ಚಿಲ್ಲ, ಸೋ ಮೀಟರ್‌ನಲ್ಲಿ ಬ್ರೋಕನ್. ನನ್ನ ಪ್ರಕಾರ ಮುದ್ರೆ ಸರಿಯಾಗೇ ಇದೆ, ಮುಚ್ತೀನಿ ಅಂದಿದ್ದು ತಾನೇ, ಖಾಲಿ ಮಾಡ್ತಾ ಬರ್ತೀನಿ ಅಂದಿದ್ದಲ್ವಲ್ಲ.

ಇಲ್ಲೊಂದು ವಿಷಯ ನಮ್ಮೋರಿಗೆ ತಟ್ಟನೆ ಹೊಳೆಯಲ್ಲ. ನಮ್ಮಲ್ಲಿ ಮುಖ್ಯಮಂತ್ರಿ ಅಥವಾ ಪ್ರಧಾನಿ ಆಗ್ಬೇಕಂದ್ರೇನೇ ಸದನದಲ್ಲಿ ಮೆಜಾರಿಟಿ ಬೇಕು, ಪಾರ್ಟಿ ವಿಪ್ ಕೊಟ್ರೆ ಎಲ್ಲಾ ಕೈ ಎತ್ತಬೇಕು, ಹಾಗಾಗಿ ಹೇಳಿದ್ದು ಮಾಡ್ಲಿಲ್ಲ ಅಂದ್ರೆ ನೇರವಾಗಿ ಅವರನ್ನೇ ಬೈಯಬಹುದು. ಅಮೆರಿಕದಲ್ಲಿ ಪ್ರೆಸಿಡೆಂಟ್ ಬೇರೆ ಕಾಂಗ್ರೆಸ್ ಬೇರೆ, ಎಲೆಕ್ಷನ್ನೂ ಬೇರೆ ಬೇರೆ, ಸೆನೆಟ್‌ನಲ್ಲಂತೂ ದೊಡ್ಡ ಬಿಲ್ ಮುಂದಕ್ಕೆ ಹೋಗೋಕೆ 100ರಲ್ಲಿ 60 ಓಟು ಬೇಕು. ಆದ್ರೂ ಓಟು ಕೇಳುವಾಗ ಎಲ್ಲಾನೂ ನಾನೇ ಮಾಡ್ತೀನಿ ಅನ್ನೋ ಧಾಟಿಯಲ್ಲೇ ಮಾತಾಡೋದು. ಅದಕ್ಕೇ ಒಂದು ಭರವಸೆ ಕಣ್ಣಿಗೆ ಬಿದ್ದ ಕೂಡಲೇ ಮೊದಲು ಕೇಳಬೇಕಾದ್ದು ಇದು ಇವರ ಒಂದು ಸಹಿಯಿಂದ ಆಗೋದಾ, ಇಲ್ಲಾ ಬೇರೆಯವರ ಓಟು ಬೇಕಾ ಅಂತ. ದೇಶಕ್ಕೆ ಮೊದಲ ಚೀಫ್ ಟೆಕ್ನಾಲಜಿ ಆಫೀಸರ್ ತರ್ತೀನಿ ಅಂದಿದ್ರು, ಅನೀಶ್ ಚೋಪ್ರಾ ಅನ್ನೋ ಭಾರತ ಮೂಲದೋರನ್ನ ತಂದ್ರು, ಆಯ್ತು. ಇಮಿಗ್ರೇಶನ್ ಸುಧಾರಣೆಯ ಬಿಲ್ ಮೊದಲ ವರ್ಷದಲ್ಲೇ ಅಂದಿದ್ರು, ವರ್ಷ ಹೋಯ್ತು ಬಿಲ್ ಪಾಸಾಗಲೇ ಇಲ್ಲ.

ಕಾಂಪ್ರಮೈಸ್ ಅನ್ನೋ ಮುದ್ರೆ ಇದೆಯಲ್ಲ, ಜಾಸ್ತಿ ಜಗಳ ಅಲ್ಲೇ. ದುಡಿಯೋರಿಗೆ ತಲಾ 500 ಡಾಲರ್, ಗಂಡಹೆಂಡ್ತಿಗೆ 1000 ಡಾಲರ್ ಟ್ಯಾಕ್ಸ್ ಕಡಿಮೆ ಮಾಡ್ತೀನಿ ಅಂದಿದ್ರು, 2009ರ ಫೆಬ್ರವರಿಯ 787 ಬಿಲಿಯನ್ ಡಾಲರ್ ಸ್ಟಿಮ್ಯುಲಸ್ ಕಾನೂನಲ್ಲಿ (ಕುಸಿದ ಆರ್ಥಿಕತೆನ ಎಬ್ಬಿಸೋಕೆ ಮಾಡಿದ್ದು) ಬಂದಿದ್ದು 400 ಮತ್ತೆ 800. ಇರಾಕ್‌ನಿಂದ ಯುದ್ಧದ ತುಕಡಿಗಳನ್ನ 16 ತಿಂಗಳಲ್ಲಿ ವಾಪಸ್ ಕರೆಸ್ತೀನಿ ಅಂದಿದ್ರು, ಆಮೇಲೆ 2010ರ ಆಗಸ್ಟ್ 31ಕ್ಕೆ ಅಂದ್ರು, ಅಂದ್ರೆ ಸುಮಾರು 19 ತಿಂಗಳು. ಮೂರು ತಿಂಗಳು ಲೇಟಾದ್ರೆ ಮಾತು ತಪ್ಪಿದ ಹಾಗಾ? ಮದುವೆ ಛತ್ರ ಬುಕ್ ಮಾಡಿದೋರಿಗೆ ಹೌದು, ಯುದ್ಧ ನಿಲ್ಲಿಸೋರಿಗೆ ಅಲ್ಲ ಅನ್ಸುತ್ತೆ ನಂಗೆ.

ಒಬಾಮಾ ಭರವಸೆಗಳಲ್ಲಿ ನಮ್ಮೂರಿನ ಹೆಸರೂ ಸುತ್ತಿಕೊಂಡಿತ್ತು, ಅವತ್ತು ಐಟಿಲಿ ಇದ್ದೋರಿಗೆಲ್ಲ ನೆನಪಿರುತ್ತೆ. ಕೆಲಸಗಳನ್ನ ಹೊರದೇಶಕ್ಕೆ ಸಾಗಿಸೋ ಕಂಪನಿಗಳ ಟ್ಯಾಕ್ಸ್ ರಿಯಾಯಿತಿ ನಿಲ್ಲಿಸ್ತೀನಿ ಅನ್ನೋದು ಕ್ಯಾಂಪೇನ್‌ನಲ್ಲಿ ಪದೇ ಪದೇ ಬಂದ ಮಾತು, 2009ರ ಮೇ 4ಕ್ಕೆ ಅದರ ಪ್ಲಾನ್ ಬಿಡುಗಡೆ ಮಾಡ್ತಾ, ನ್ಯೂಯಾರ್ಕ್‌ನ ಬಫಲೋದಲ್ಲಿ ಕೆಲಸ ಕೊಟ್ಟೋರಿಗಿಂತ ಇಂಡಿಯಾದ ಬೆಂಗಳೂರಲ್ಲಿ ಕೆಲಸ ಕೊಟ್ಟೋರಿಗೆ ಟ್ಯಾಕ್ಸ್ ಕಡಿಮೆ ಬೀಳೋ ಹಾಗಿದೆ ನಮ್ಮ ಕಾನೂನು ಅಂದ್ರು. ಇಲ್ಲಿ ಎಲ್ಲಾ ಚಾನೆಲ್ಲಲ್ಲೂ ಬೆಂಗಳೂರಿಗೆ ಬೇಡ ಅಂದ ಒಬಾಮಾ ಅಂತ ಓಡ್ತು, ಕ್ಯಾಂಟೀನ್ ತುಂಬಾ ಅದೇ ಮಾತು. ಆದ್ರೆ ಅಸಲಿಗೆ ಅದು ಹೊರದೇಶದಲ್ಲಿ ಬಂದ ಲಾಭನ ಅಮೆರಿಕಕ್ಕೆ ತರೋವರೆಗೂ ಅಲ್ಲಿ ಟ್ಯಾಕ್ಸ್ ಕಟ್ಟದೇ ಇರೋ ಅಮೆರಿಕನ್ ಕಂಪನಿಗಳ ವಿಷಯ, ಇಲ್ಲಿನ ಐಟಿ ಕಂಪನಿಗೆ ಬರೋ ಪ್ರಾಜೆಕ್ಟ್‌ಗೆ ನೇರ ಸಂಬಂಧ ಇರಲಿಲ್ಲ. ಮತ್ತೆ ಅದಕ್ಕೂ ಕಾಂಗ್ರೆಸ್ ಓಟು ಬೇಕಿತ್ತು, ಮೊದಲ ವರ್ಷ ಅದು ಕಾನೂನಾಗ್ಲಿಲ್ಲ. ಅಲ್ಲಿಯವರ ಮೀಟರ್‌ನಲ್ಲಿ ಮುಂದೆ ಹೋಗದ ಸಾಲು ನಮಗೆ ನೆಮ್ಮದಿ.

ಮೀಟರ್‌ಗೆ ಕಾಣದೇ ಇರೋದು ಇನ್ನೊಂದಿದೆ, ಆಡದೇ ಮಾಡಿದ್ದು. ಆ ವರ್ಷ ಒಬಾಮಾ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು ಜನರಲ್ ಮೋಟರ್ಸ್‌ದು, 2009ರ ಜೂನ್ 1ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕ್ತು, ಸರ್ಕಾರ ದುಡ್ಡು ಸುರಿದು ಹತ್ತಿರ ಹತ್ತಿರ 60 ಪರ್ಸೆಂಟ್ ಪಾಲು ತಗೊಂಡು ಎಬ್ಬಿಸಿ ನಿಲ್ಲಿಸ್ತು. ಗೆದ್ರೆ ಕಾರ್ ಕಂಪನಿಯ ಓನರ್ ಆಗ್ತೀನಿ ಅಂತ ಯಾರೂ ಭಾಷಣ ಮಾಡಿ ಓಟು ಕೇಳಿರಲ್ಲ. ಸರಿನೋ ತಪ್ಪೋ, ಪಟ್ಟಿಯಲ್ಲಿಲ್ಲ ಅಂದ ಮೇಲೆ ಒಬಾಮೀಟರ್‌ನಲ್ಲಿ ಅದು ನಡೆದೇ ಇಲ್ಲ. ಅದೇ ವರ್ಷ ನಿರುದ್ಯೋಗ 10 ಪರ್ಸೆಂಟ್ ಮುಟ್ತು, ಕೆಲಸ ಕಳ್ಕೊಂಡು ಮನೇಲಿ ಕೂತೋರಿಗೆ 90 ಮಾತು ಉಳೀತು ಅಂದ್ರೆ ಏನು ಸಮಾಧಾನ.

ಈ ಐಡಿಯಾ ಆಮೇಲೆ ಬೇರೆ ದೇಶಗಳಿಗೂ ಹೋಯ್ತು. ಈಜಿಪ್ಟ್‌ನಲ್ಲಿ 2012ರ ಜೂನ್ 30ಕ್ಕೆ ಮೊಹಮದ್ ಮೊರ್ಸಿ ಪ್ರೆಸಿಡೆಂಟ್ ಆದಾಗ ಅಲ್ಲಿನ ಹುಡುಗರು ಮೊರ್ಸಿ ಮೀಟರ್ ಮಾಡಿದ್ರು, 100 ದಿನಕ್ಕೆ 64 ಭರವಸೆ, ಎಲ್ಲಾ ಟ್ರಾಫಿಕ್ಕು, ಕಸ, ಬ್ರೆಡ್ಡು, ಇಂಧನ, ಭದ್ರತೆ, ಮನೆ ಬಾಗಿಲಿನ ವಿಷಯಗಳೇ. 100 ದಿನ ಮುಗಿದಾಗ ಆಗಿದ್ದು 10. ಮೊದಲ ವರ್ಷ ತುಂಬಿ ಮೂರೇ ದಿನಕ್ಕೆ, 2013ರ ಜುಲೈ 3ಕ್ಕೆ, ಸೇನೆ ಅವರನ್ನ ಇಳಿಸಿಬಿಡ್ತು. ಅಮೆರಿಕದಲ್ಲೇ ಟ್ರಂಪ್ ಬಂದಾಗ ಪೊಲಿಟಿಫ್ಯಾಕ್ಟ್‌ನೋರು ಟ್ರಂಪ್-ಓ-ಮೀಟರ್ ಮಾಡಿದ್ರು, ಈ ಸಲ ಪಟ್ಟಿ ಸುಮಾರು 100ಕ್ಕೆ ಇಳಿದಿತ್ತು, ಐನೂರು ಸಾಲು ಎಂಟು ವರ್ಷ ಹಿಂಬಾಲಿಸಿ ಸುಸ್ತಾಗಿರಬೇಕು ಪಾಪ. ಒಬಾಮಾದು ಕೊನೆಗೆ ಅರ್ಧಕ್ಕೆ ಸ್ವಲ್ಪ ಕಡಿಮೆ ಕೆಪ್ಟ್, ಕಾಲು ಭಾಗದ ಹತ್ತಿರ ಬ್ರೋಕನ್, ಉಳಿದಿದ್ದು ಕಾಂಪ್ರಮೈಸ್ ಅಂತ ನಿಂತಿತು.

ಮೊದಲ ವರ್ಷದ ಲೆಕ್ಕಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು 2010ರ ಜನವರಿ 19 ನೆನಪಿಸ್ತೀನಿ, ವರ್ಷ ತುಂಬೋಕೆ ಇನ್ನೊಂದೇ ದಿನ ಬಾಕಿ. ಹೆಲ್ತ್‌ಕೇರ್ ಬಿಲ್ ಹೌಸ್‌ನಲ್ಲಿ 220-215, ಸೆನೆಟ್‌ನಲ್ಲಿ ಕ್ರಿಸ್‌ಮಸ್ ಹಿಂದಿನ ದಿನ 60-39 ಅಂತ ಕಷ್ಟಪಟ್ಟು ದಾಟಿತ್ತು, ಎರಡನ್ನೂ ಸೇರಿಸಿ ಒಂದು ಮಾಡೋದಷ್ಟೇ ಉಳಿದಿತ್ತು. ಅವತ್ತು ಮ್ಯಾಸಚೂಸೆಟ್ಸ್‌ನ ಬೈಎಲೆಕ್ಷನ್‌ನಲ್ಲಿ ಎದುರು ಪಾರ್ಟಿಯ, ಅಂದ್ರೆ ರಿಪಬ್ಲಿಕನ್, ಸ್ಕಾಟ್ ಬ್ರೌನ್ ಗೆದ್ದುಬಿಟ್ರು, ಸೆನೆಟ್‌ನಲ್ಲಿ ಒಬಾಮಾ ಕಡೆ 60 ಇದ್ದ ಓಟು 59 ಆಯ್ತು, ಮಾರನೇ ದಿನ ಮೊದಲ ವರ್ಷದ ರಿಪೋರ್ಟ್ ಕಾರ್ಡ್ ಬರೆದೋರು ಬಹಳ ಜನ ಹೆಲ್ತ್‌ಕೇರ್ ಕಥೆ ಮುಗೀತು ಅಂದ್ಕೊಂಡೇ ಬರೆದ್ರು. 62 ದಿನ ಆದ ಮೇಲೆ, ಮಾರ್ಚ್ 23ಕ್ಕೆ, ಒಬಾಮಾ ಅದಕ್ಕೆ ಸಹಿ ಹಾಕಿದ್ರು. ಆದ್ರೆ ಹೆಲ್ತ್‌ಕೇರ್ ಮಾತುಕತೆ ಎಲ್ಲಾ ಮುಚ್ಚಿದ ಬಾಗಿಲ ಹಿಂದೆ ಬೇಡ, ಸಿ-ಸ್ಪ್ಯಾನ್ ಟೀವಿಯಲ್ಲಿ ಜನ ನೋಡ್ತಿರುವಾಗಲೇ ಮಾಡ್ತೀನಿ ಅಂತಾನೂ ಓಟು ಕೇಳುವಾಗ ಹೇಳಿದ್ರು, ಅಸಲಿ ಚೌಕಾಸಿ ನಡೆದಿದ್ದೆಲ್ಲ ಕ್ಯಾಮೆರಾ ಇಲ್ಲದ ರೂಮಲ್ಲೇ, ಆ ಸಾಲಿನ ಮೇಲೆ ಮಾತ್ರ ಬ್ರೋಕನ್ ಮುದ್ರೆ ಹಾಗೇ ಉಳೀತು.