ಪದ ಪರಿಚಯ: ಪವರ್ ಆಂಪ್ – ಗಿಟಾರ್ ಮಾಡೆಲರ್‌ಗೆ ವಾಲ್ವ್ ಬೇಕೇ, ಸಾಲಿಡ್ ಸ್ಟೇಟ್ ಸಾಕೇ?

ಗಿಟಾರ್ ಆಂಪುಗಳ ಸೌಂಡನ್ನು ಡಿಜಿಟಲ್ ಆಗಿ ಅನುಕರಿಸುವ ಹೆಲಿಕ್ಸ್, ಕೆಂಪರ್, ಕ್ವಾಡ್ ಕಾರ್ಟೆಕ್ಸ್ ಥರದ ಗಿಟಾರ್ ಮಾಡೆಲರ್‌ಗಳಿಂದ ಹೊರಗೆ ಬರುವುದು ಹೆಚ್ಚೆಂದರೆ ಕೆಲವೇ ವೋಲ್ಟಿನ ಲೈನ್ ಸಿಗ್ನಲ್. ಮಿಕ್ಸರಿಗೆ ಅದು ಧಾರಾಳ. 12 ಇಂಚಿನ ಸ್ಪೀಕರಿನ ಕೋನ್ ಅಲುಗಿಸಲು ಮಾತ್ರ ಅದಕ್ಕೆ ತ್ರಾಣವಿಲ್ಲ. ಆ ಸಿಗ್ನಲನ್ನು 20–30 ವೋಲ್ಟಿಗೆ ಏರಿಸಿ, ಸ್ಪೀಕರಿನ ಕಾಯಿಲ್ ಕೇಳಿದಷ್ಟು ಕರೆಂಟನ್ನೂ ಒದಗಿಸುವ ಕೊನೆಯ ಹಂತವೇ ಪವರ್ ಆಂಪ್.

ಶಿವಮೊಗ್ಗ ಕಡೆಯ ಆರ್ಕೆಸ್ಟ್ರಾಗಳಲ್ಲಿ ಮಾಡೆಲರ್ ಇಟ್ಟುಕೊಂಡವರು ನೇರ ಮಿಕ್ಸರಿಗೆ ಲೈನ್ ಕೊಟ್ಟು, ಮುಂದಿನ ಮಾನಿಟರಿನಲ್ಲಿ ಕೇಳಿಸಿಕೊಂಡು ನುಡಿಸಿದರೆ ಪವರ್ ಆಂಪ್ ಬೇಕಾಗುವುದೇ ಇಲ್ಲ. ಬೆನ್ನ ಹಿಂದೆ ಗಿಟಾರ್ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಇರಬೇಕು, ತಂತಿ ಮೀಟಿದಾಗ ಪ್ಯಾಂಟಿನ ಅಂಚು ಅದುರಬೇಕು ಅನ್ನುವವರಿಗೆ ಮಾತ್ರ ಈ ಪ್ರಶ್ನೆ ಏಳುತ್ತದೆ: ವಾಲ್ವಿನದೋ, ಸಾಲಿಡ್ ಸ್ಟೇಟೋ?

ವಾಲ್ವ್ ಪವರ್ ಆಂಪಿನಲ್ಲಿ 6ಎಲ್6, ಇಎಲ್34 ಅಥವಾ ಇಎಲ್84 ಥರದ ಗಾಜಿನ ಟ್ಯೂಬುಗಳು (ಇವೇ ವಾಲ್ವ್), ಅವುಗಳ ಮತ್ತು ಸ್ಪೀಕರಿನ ನಡುವೆ ಒಂದು ಭಾರದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಸಾಲಿಡ್ ಸ್ಟೇಟ್‌ನಲ್ಲಿ ಟ್ರಾನ್ಸಿಸ್ಟರ್. ಈಗ ಪೆಡಲ್ ಗಾತ್ರದಲ್ಲಿ ಬರುವ ಬಹುತೇಕ ಪವರ್ ಆಂಪುಗಳು ಕ್ಲಾಸ್ ಡಿ (ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ಆನ್-ಆಫ್ ಮಾಡುತ್ತ ನಡೆಸುವ) ಮಾದರಿಯವು, ಒಂದೆರಡು ಕಿಲೋ ತೂಕದವು.

'ವಾಲ್ವ್ ಅಂದ್ರೆ ಬೆಚ್ಚಗಿನ ಸೌಂಡು' ಎಂಬ ಮಾತು ಅರ್ಧ ನಿಜ. ವಾಲ್ವ್ ಪವರ್ ಆಂಪ್ ಹದವಾಗಿ ಒಡೆದು (ಡಿಸ್ಟಾರ್ಟ್ ಆಗಿ) ತುಸು ಅದುಮಿದಂತೆ ಕೇಳುವುದು ವಾಲ್ಯೂಮ್ ಜೋರಾಗಿದ್ದಾಗ. 50 ವ್ಯಾಟಿನದನ್ನು ಆ ಹಂತಕ್ಕೆ ಒಯ್ದರೆ ಮನೆಯಲ್ಲಷ್ಟೇ ಅಲ್ಲ, ಸಣ್ಣ ಹಾಲಿನಲ್ಲೂ ಕೂರಲಾಗದು. ಮೆಲ್ಲಗೆ ನುಡಿಸುವಾಗಲೂ ಎರಡರ ನಡುವೆ ವ್ಯತ್ಯಾಸ ಕೇಳುತ್ತದಲ್ಲ, ಅದರ ಮೂಲ ಬೇರೆ: ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಆಂಪಿನ ಒಳಗೇ ಇರುವ ತಡೆ. ಪವರ್ ಆಂಪ್ ಆರಿಸುವವರು ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಮುಖ್ಯವಾಗಿ ಇದೊಂದೇ.

ಸ್ಪೀಕರಿಗೂ ತನ್ನ ಇಂಪಿಡೆನ್ಸ್ ಇದೆ, ಅದರ ಹಿಂದೆ 8 ಓಮ್ ಎಂದು ಬರೆದಿರುತ್ತದೆ. ಅದು ಹೆಸರಿಗೆ ಮಾತ್ರ. ಮಲ್ಟಿಮೀಟರ್ ಹಿಡಿದರೆ 6ರಿಂದ 7 ಓಮ್ ತೋರಿಸುತ್ತದೆ. ನುಡಿಸುವಾಗ ಸ್ವರಕ್ಕೆ ತಕ್ಕಂತೆ ಅದು ಏರಿಳಿಯುತ್ತಲೇ ಇರುತ್ತದೆ. ಕ್ಯಾಬಿನೊಳಗೆ ಕೂರಿಸಿದ ಸ್ಪೀಕರಿನ ಅನುರಣನೆ (ಅದು ತಾನಾಗೇ ಹೆಚ್ಚು ಅದುರುವ ಜಾಗ) 100 ಹರ್ಟ್ಸಿನ ಆಸುಪಾಸು. ಅಲ್ಲಿ ಇಂಪಿಡೆನ್ಸ್ 40 ಓಮ್ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. 400 ಹರ್ಟ್ಸಿನ ಸುತ್ತ ಮತ್ತೆ 8ರ ಹತ್ತಿರ ಇಳಿದು, 1000 ದಾಟಿದ ಮೇಲೆ ಕಾಯಿಲಿನ ಇಂಡಕ್ಟೆನ್ಸಿನಿಂದಾಗಿ ಮತ್ತೆ ಏರತೊಡಗಿ 4000ದ ಹೊತ್ತಿಗೆ 20 ಓಮ್ ಮುಟ್ಟಬಹುದು.

ಸಾಲಿಡ್ ಸ್ಟೇಟ್ ಆಂಪಿನ ಒಳಗಿನ ಇಂಪಿಡೆನ್ಸ್ 0.1 ಓಮಿನ ಲೆಕ್ಕದ್ದು. ಸ್ಪೀಕರ್ 8 ಓಮ್ ಆಗಲಿ 40 ಆಗಲಿ, ಅದು ಕೊಡುವ ವೋಲ್ಟೇಜ್ ಕದಲುವುದಿಲ್ಲ, ವ್ಯತ್ಯಾಸ 0.1 ಡೆಸಿಬೆಲ್ಲಿಗೂ ಕಡಿಮೆ. ವಾಲ್ವ್ ಆಂಪಿನ ಇಂಪಿಡೆನ್ಸ್ ದೊಡ್ಡದು. ಲೆಕ್ಕಕ್ಕೆ ಅದೂ 8 ಓಮ್ ಎಂದಿಟ್ಟುಕೊಳ್ಳಿ. ಸ್ಪೀಕರ್ 8 ಇದ್ದಾಗ ವೋಲ್ಟೇಜಿನಲ್ಲಿ ಅರ್ಧ ಸ್ಪೀಕರಿಗೆ, ಅರ್ಧ ಒಳಗೇ. 40 ಆದಾಗ ಆರರಲ್ಲಿ ಐದು ಪಾಲು ಸ್ಪೀಕರಿಗೆ. ಅಂದರೆ 100 ಹರ್ಟ್ಸಿನಲ್ಲಿ ಸುಮಾರು 4.4 ಡೆಸಿಬೆಲ್ ಉಬ್ಬು. 20 ಓಮ್ ಇರುವ 4000 ಹರ್ಟ್ಸಿನಲ್ಲಿ ಸುಮಾರು 3 ಡೆಸಿಬೆಲ್. ಕೆಳಗೆ ತುಂಬುತನ, ಮೇಲೆ ಹೊಳಪು ಎಂದು ನಮ್ಮ ಕಿವಿ ಹೇಳುವುದು ಇದನ್ನೇ. ಆಂಪಿನ ಪ್ರೆಸೆನ್ಸ್ (ಮೇಲಿನ ಹೊಳಪು), ಡೆಪ್ತ್ (ಕೆಳಗಿನ ತುಂಬುತನ) ಗುಂಡಿಗಳೂ ಇದೇ ಜಾಗದಲ್ಲಿ ಕೈಯಾಡಿಸುತ್ತವೆ: ಔಟ್‌ಪುಟ್ಟಿನ ಒಂದು ಪಾಲನ್ನು ತಿರುಗಿ ಒಳಗೆ ಕೊಟ್ಟು ಏರುಪೇರು ಅದುಮುವ ನೆಗೆಟಿವ್ ಫೀಡ್‌ಬ್ಯಾಕನ್ನು ಸಡಿಲಿಸಿ ಆ ಉಬ್ಬನ್ನು ಹೆಚ್ಚಿಸುತ್ತವೆ.

ಈಗ ಮಾಡೆಲರಿಗೆ ಬನ್ನಿ. ಅದರ ಪೂರ್ತಿ ಆಂಪ್ ಮಾಡೆಲ್ (ಸೌಂಡಿಗೆ ಬಣ್ಣ ಕೊಡುವ ಮೊದಲ ಹಂತವಾದ ಪ್ರಿಆಂಪ್, ಕೊನೆಯ ಹಂತವಾದ ಪವರ್ ಆಂಪ್ ಎರಡೂ ಇರುವುದು) ಈ ಉಬ್ಬನ್ನೆಲ್ಲ ಆಗಲೇ ಲೆಕ್ಕ ಹಾಕಿ ಸಿಗ್ನಲ್ಲಿಗೆ ಸೇರಿಸಿರುತ್ತದೆ. ಅದನ್ನು ವಾಲ್ವ್ ಪವರ್ ಆಂಪಿಗೆ ಕೊಟ್ಟರೆ ಅದೇ ಉಬ್ಬು ಎರಡನೇ ಸಲ ಸೇರಿ, 100 ಹರ್ಟ್ಸಿನಲ್ಲಿ 9 ಡೆಸಿಬೆಲ್ಲಿನ ಗುಡ್ಡ. ಪಾಮ್ ಮ್ಯೂಟ್ ಮಾಡಿದರೆ (ಅಂಗೈ ಅಂಚನ್ನು ತಂತಿಗೆ ತಾಗಿಸಿ ಮೀಟಿದರೆ) ಡಬ್ಬ ಬಡಿದಂತೆ ಗುಮ್ಮೆನ್ನುತ್ತದೆ, ಬೇಸ್ ಗಿಟಾರ್ ಮುಚ್ಚಿಹೋಗುತ್ತದೆ, ಸಪೂರ ತಂತಿಗಳ ಏರುಸ್ವರಗಳು ಕಿವಿ ಚುಚ್ಚುತ್ತವೆ. 'ಇಷ್ಟು ದುಡ್ಡು ಹಾಕಿ ವಾಲ್ವ್ ತಂದೆ, ಸೌಂಡೇ ಸರಿಯಿಲ್ಲ' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ವಾಲ್ವ್ ಆಂಪ್ ಇದ್ದರೆ ಮಾಡೆಲರಿನಲ್ಲಿ ಪ್ರಿಆಂಪ್ ಮಾತ್ರದ ಮಾಡೆಲ್ ಹಾಕಬೇಕು. ಹೆಲಿಕ್ಸಿನಲ್ಲಿ ಅವಕ್ಕೆ ಬೇರೆ ಪಟ್ಟಿಯೇ ಇದೆ, ಫ್ರ್ಯಾಕ್ಟಲ್ ಕಂಪನಿಯ ಮಾಡೆಲರುಗಳಲ್ಲಿ ಪವರ್ ಆಂಪ್ ಮಾಡೆಲಿಂಗನ್ನೇ ಆಫ್ ಮಾಡಬಹುದು. ಸಾಲಿಡ್ ಸ್ಟೇಟ್ ಇದ್ದರೆ ಪೂರ್ತಿ ಆಂಪ್ ಮಾಡೆಲ್. ಸಾಲಿಡ್ ಸ್ಟೇಟಿಗೆ ಬರೀ ಪ್ರಿಆಂಪ್ ಕೊಟ್ಟರೆ ಉಬ್ಬು ಎಲ್ಲೂ ಸೇರದೆ ಸಪ್ಪೆಯಾಗುತ್ತದೆ. ಹಾಗೆಯೇ ಬಳಸಬೇಕಾಗಿ ಬಂದರೆ ಪ್ಯಾರಾಮೆಟ್ರಿಕ್ ಈಕ್ಯೂನಲ್ಲಿ (ಬೇಕಾದ ಹರ್ಟ್ಸನ್ನೇ ಆರಿಸಿ ಏರಿಳಿಸುವ ಈಕ್ವಲೈಜರ್) 100 ಹರ್ಟ್ಸಿಗೆ 4 ಡೆಸಿಬೆಲ್, 2000ದಿಂದ ಮೇಲೆ ಶೆಲ್ಫ್ ಹಾಕಿ 3 ಡೆಸಿಬೆಲ್ ಏರಿಸಿ. ಆಮೇಲೆ ಕಿವಿಗೆ ಹಿಡಿಸುವಂತೆ ತಿದ್ದಿಕೊಂಡರಾಯಿತು.

ವ್ಯಾಟ್ ವಿಷಯದಲ್ಲೂ ಮೋಸಹೋಗುವುದು ಸುಲಭ. 4 ಓಮ್‌ಗೆ 170 ವ್ಯಾಟ್ ಎಂದು ಬರೆದ ಸಾಲಿಡ್ ಸ್ಟೇಟ್ ಆಂಪ್ ಅಂದರೆ ಸುಮಾರು 26 ವೋಲ್ಟಿನ ಆಂಪ್. ಅದೇ 26 ವೋಲ್ಟ್ 8 ಓಮ್ ಕ್ಯಾಬಿಗೆ 85 ವ್ಯಾಟ್, 16 ಓಮಿಗೆ 42 ವ್ಯಾಟ್ ಮಾತ್ರ. ವಾಲ್ವ್ ಆಂಪಿನಲ್ಲಿ ಟ್ರಾನ್ಸ್‌ಫಾರ್ಮರಿಗೆ 4, 8, 16 ಓಮಿನ ಬೇರೆ ಬೇರೆ ಟ್ಯಾಪ್ ಇರುವುದರಿಂದ, ಸರಿಯಾದ ಜಾಕಿಗೆ ಚುಚ್ಚಿದರೆ 50 ವ್ಯಾಟ್ ಎಲ್ಲದರಲ್ಲೂ 50 ವ್ಯಾಟೇ. ಮೇಲಾಗಿ ಅದು ಮಿತಿ ದಾಟಿದಾಗ ಮೆತ್ತಗೆ ಒಡೆಯುವುದರಿಂದ ಆ ಹೆಚ್ಚುವರಿಯನ್ನೂ ನುಡಿಸಲು ಬಳಸಿಕೊಳ್ಳಬಹುದು. ಕ್ಲಾಸ್ ಡಿ ಮಿತಿ ಮುಟ್ಟಿದರೆ ಕರಕರ ಅನ್ನುತ್ತದೆ. ಡ್ರಮ್ ಸೆಟ್ ಜೊತೆಗೆ, 8 ಓಮಿನ ಒಂದೇ ಕ್ಯಾಬಿನಲ್ಲಿ ನುಡಿಸುವವರಿಗೆ 8 ಓಮ್‌ಗೇ 80ರಿಂದ 100 ವ್ಯಾಟ್ ಕೊಡುವ ಸಾಲಿಡ್ ಸ್ಟೇಟ್ ಬೇಕು. ವ್ಯಾಟ್ ಇಮ್ಮಡಿಯಾದರೂ ಏರುವುದು 3 ಡೆಸಿಬೆಲ್ ಮಾತ್ರ, ಹಾಗಾಗಿ 85 ಬಿಟ್ಟು 100ಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಸ್ಪೀಕರ್ ತಾಳುವ ವ್ಯಾಟನ್ನೂ ನೋಡಿಕೊಳ್ಳಿ: ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಸ್ಪೀಕರಿಗೆ 60 ವ್ಯಾಟ್, ಗ್ರೀನ್‌ಬ್ಯಾಕಿಗೆ 25. ಒಂದೇ ಗ್ರೀನ್‌ಬ್ಯಾಕ್ ಇರುವ ಕ್ಯಾಬಿಗೆ 85 ವ್ಯಾಟ್ ನುಗ್ಗಿಸಿದರೆ ಕಾಯಿಲ್ ಸುಟ್ಟ ವಾಸನೆಯೇ ಮೊದಲ ಸೂಚನೆ.

ಹಾಳಾಗುವ ರೀತಿಯೂ ಎರಡಕ್ಕೂ ತದ್ವಿರುದ್ಧ. ವಾಲ್ವ್ ಆಂಪಿಗೆ ಸ್ಪೀಕರ್ ಇಲ್ಲದಿರುವುದೇ ಅಪಾಯ. ಲೋಡಿಲ್ಲದೆ ನುಡಿಸಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಸಾವಿರಗಟ್ಟಲೆ ಚಿಮ್ಮಿ ಒಳಗಿನ ಸುತ್ತು ಸುಡುತ್ತದೆ. ಸಾಲಿಡ್ ಸ್ಟೇಟಿಗೆ ಸ್ಪೀಕರ್ ಇಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಹೇಳಿದ್ದಕ್ಕಿಂತ ಕಡಿಮೆ ಓಮ್ ಹಾಕಿದರೆ ತೊಂದರೆ. 8 ಓಮಿನ ಎರಡು ಕ್ಯಾಬ್ ಪ್ಯಾರಲಲ್ ಆದರೆ 4, ಮೂರಾದರೆ 2.7. ಇನ್ನೊಂದು ಸೂಕ್ಷ್ಮ: ಹಲವು ಕ್ಲಾಸ್ ಡಿ ಆಂಪುಗಳಲ್ಲಿ ಸ್ಪೀಕರ್ ಜಾಕಿನ ನೆಗೆಟಿವ್ ಕೂಡ ಲೈವ್, ಗ್ರೌಂಡ್ ಅಲ್ಲ. ಎರಡು ಚಾನೆಲ್ಲಿನ ನೆಗೆಟಿವ್ ಒಂದು ಮಾಡುವುದು, ಸ್ಪೀಕರ್ ಔಟಿಂದ ಮಿಕ್ಸರಿಗೆ ಲೈನ್ ಎಳೆಯುವುದು ಮಾಡಿದರೆ ಆಂಪ್ ಹೋದಂತೆಯೇ. ಸ್ಪೀಕರ್ ಕೇಬಲ್ ಸ್ಪೀಕರಿನದೇ ಇರಲಿ. 1.5 ಚದರ ಮಿಲಿಮೀಟರಿನ ಎರಡು ತಾಮ್ರದ ಎಳೆ ಸಾಕು. ಗಿಟಾರಿನ ಕೇಬಲಿನಲ್ಲಿ ನಡುವಿನ ಎಳೆ ತೀರಾ ಸಪೂರ, ಬಿಸಿಯಾಗಿ ಕರಗಿ ಶಾರ್ಟ್ ಆಗಬಹುದು.

ಇದೆಲ್ಲ ಎಲ್ಲ ಊರಿಗೂ ಒಂದೇ. ಮಲೆನಾಡಿನಲ್ಲಿ ತಕ್ಕಡಿ ವಾಲುವುದು ಕರೆಂಟಿನಿಂದ. ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಲ್ಲಿ ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವಾಗ 230 ಇರಬೇಕಾದದ್ದು 190ಕ್ಕೆ ಇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆಗ ವಾಲ್ವಿನ 6.3 ವೋಲ್ಟಿನ ಹೀಟರಿಗೆ ಸಿಗುವುದು 5.2, ತಾಳಬಹುದಾದ ಏರುಪೇರು ಶೇಕಡಾ 10ರಷ್ಟು, ಇದು 17. ಟ್ಯೂಬಿನ ಪ್ಲೇಟಿಗೆ (ಹೊರಗಿನ ಲೋಹದ ತಗಡು) ಹೋಗುವ 450 ವೋಲ್ಟ್ 370ರ ಆಸುಪಾಸಿಗೆ ಬರುತ್ತದೆ. ಸೌಂಡ್ ಸೊರಗುವುದಷ್ಟೇ ಅಲ್ಲ, ಹೀಗೆಯೇ ಓಡಿಸುತ್ತಿದ್ದರೆ ಟ್ಯೂಬಿನ ಆಯುಷ್ಯವೂ ಕಡಿಮೆ. ಸ್ಟೆಬಿಲೈಜರ್ ಇಲ್ಲದೆ ವಾಲ್ವ್ ಆಂಪ್ ಇಟ್ಟುಕೊಳ್ಳಬಾರದು; 50 ವ್ಯಾಟಿನದಕ್ಕೆ 500 ವಿಎ ಸಾಕು.

ಇನ್ವರ್ಟರ್ ಮೇಲೆ ಓಡಿಸುವವರು ಅದು ಸೈನ್ ವೇವಿನದೋ ಸ್ಕ್ವೇರ್ ವೇವಿನದೋ ನೋಡಬೇಕು. 230 ವೋಲ್ಟ್ ಸೈನ್ ವೇವಿನ ತುದಿ 325. ಸ್ಕ್ವೇರ್ ವೇವಿನ ತುದಿ 230ರಲ್ಲೇ ನಿಲ್ಲುತ್ತದೆ. ಹೀಟರಿಗೆ ಎರಡೂ ಒಂದೇ, ಆದರೆ ಪ್ಲೇಟಿನ ಕೆಪಾಸಿಟರ್ ತುಂಬುವುದು ತುದಿಯ ವೋಲ್ಟೇಜಿಗೆ. ಹಾಗಾಗಿ 450 ಇರಬೇಕಾದದ್ದು 320ಕ್ಕೆ ಕುಸಿದು, ಮೇಲೆ ಗುಂಯ್ ಎನ್ನುವ ಸದ್ದೂ ಸೇರುತ್ತದೆ. ಸ್ವಿಚಿಂಗ್ ಸಪ್ಲೈ ಇರುವ ಕ್ಲಾಸ್ ಡಿ ಆಂಪಿನ ಹಿಂದೆ 100–240 ವೋಲ್ಟ್ ಎಂದಿದ್ದರೆ ಈ ಯಾವ ಏರಿಳಿತಕ್ಕೂ ಅದು ತಲೆಕೆಡಿಸಿಕೊಳ್ಳುವುದಿಲ್ಲ. ಬರೀ 230 ಎಂದಿದ್ದರೆ ಅದಕ್ಕೂ ಸ್ಟೆಬಿಲೈಜರ್ ಬೇಕು.

ಅರ್ತಿಂಗಿನ ವಿಷಯದಲ್ಲಿ ರಾಜಿ ಬೇಡ. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ತ್ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿರುತ್ತದೆ, ಬೇಸಿಗೆಯಲ್ಲಿ ನೀರು ಹಾಕಬೇಕು. ಹಮ್ ಬರುತ್ತದೆಂದು ಮೂರನೇ ಪಿನ್ ಮುರಿದು ಚುಚ್ಚುವುದನ್ನು ಪೆಂಡಾಲುಗಳಲ್ಲಿ ಈಗಲೂ ಕಾಣಬಹುದು. 450 ವೋಲ್ಟ್ ಒಳಗಿರುವ ಪೆಟ್ಟಿಗೆಗೆ ಲೋಹದ ತಂತಿ ಹಿಡಿದ ಕೈಯನ್ನು ಜೋಡಿಸುವ ಕೆಲಸವದು. ಹಮ್ ಬಂದರೆ ಮಾಡೆಲರಿನಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಇಲ್ಲವೇ ಮಾಡೆಲರ್ ಮತ್ತು ಮಿಕ್ಸರಿನ ಮಧ್ಯೆ ಡಿಐ ಬಾಕ್ಸ್ (ಎರಡು ಕಡೆಯ ಗ್ರೌಂಡನ್ನು ಬೇರ್ಪಡಿಸುವ ಡಬ್ಬಿ) ಹಾಕಿ.

ತೇವ ಇನ್ನೊಂದು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಕಡೆ ಜುಲೈನಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಆಂಪ್ ಯಾವ ಲೆಕ್ಕ. ಮೊದಲು ಕೈಕೊಡುವುದು ಜಾಕುಗಳು. ಅದರಲ್ಲೂ ಕಾಂಬೋ ಆಂಪಿನ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಎಫೆಕ್ಟ್ಸ್ ರಿಟರ್ನ್ ಜಾಕಿನೊಳಗೆ, ಅಂದರೆ ಪ್ರಿಆಂಪ್ ಬಿಟ್ಟು ನೇರ ಪವರ್ ಆಂಪಿಗೆ ಹೋಗುವ ಜಾಕಿನೊಳಗೆ, ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಪುಟ್ಟ ಪಟ್ಟಿ ಇರುತ್ತದೆ. ಅದರ ಮೇಲೆ ಕಿಲುಬು ಕೂತರೆ ಸೌಂಡ್ ಬರುತ್ತದೆ, ಹೋಗುತ್ತದೆ, ಪೆಟ್ಟಿಗೆಗೆ ಗುದ್ದಿದರೆ ಮತ್ತೆ ಬರುತ್ತದೆ. ಟ್ಯೂಬ್ ಹೋಯಿತೆಂದು ಹೊಸದು ತರಿಸುವ ಮೊದಲು ಆಫ್ ಮಾಡಿ, ಜಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪ್ಲಗ್ಗನ್ನು ಹತ್ತಾರು ಸಲ ಹಾಕಿ ತೆಗೆಯಿರಿ. ಬಳಸದ ಜಾಕುಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಖಾಲಿ ಪ್ಲಗ್ ಚುಚ್ಚಿಟ್ಟರೆ ಆಯಿತು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಟ್ಟರೆ ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಬಟ್ಟೆ ಒಣಗಿಸುವ ಹಾಗೆ ಕ್ಯಾಬನ್ನು ಬಚ್ಚಲೊಲೆಯ ಹತ್ತಿರ ಇಡುವುದು ಬೇಡ, ಹೊಗೆ ಮಸಿ ಕೋನಿಗೆ ಹತ್ತಿ, ಅಂಟು ಬಿಡುತ್ತದೆ.

ಜೋಡಿಸುವ ಕ್ರಮ ಹೀಗೆ. ಎಲ್ಲ ಆಫ್ ಇರುವಾಗಲೇ ಮೊದಲು ಸ್ಪೀಕರ್ ಕೇಬಲ್. ಮಾಡೆಲರಿನಲ್ಲಿ ಆಂಪ್ ಬ್ಲಾಕ್ ಆದಮೇಲೆ ದಾರಿ ಎರಡಾಗಿ ಒಡೆಯಿರಿ: ಒಂದು ಕ್ಯಾಬ್ ಸಿಮ್ಯುಲೇಶನ್ ಇಲ್ಲದೆ ಕಾಲಿಂಚಿನ ಜಾಕಿನಿಂದ ಪವರ್ ಆಂಪಿಗೆ, ಇನ್ನೊಂದು ಐಆರ್ (ಕ್ಯಾಬಿನ ಸೌಂಡನ್ನು ಅನುಕರಿಸುವ ಫೈಲ್) ದಾಟಿ ಎಕ್ಸ್‌ಎಲ್‌ಆರ್‌ನಿಂದ ಮಿಕ್ಸರಿಗೆ. ಕೆಂಪರಿನಲ್ಲಿ ಮಾನಿಟರ್ ಕ್ಯಾಬ್ ಆಫ್ ಮಾಡಿದರೆ ಇದೇ ಆಗುತ್ತದೆ. ಐಆರ್ ಹಾಕಿಯೇ ಗಿಟಾರ್ ಕ್ಯಾಬಿಗೆ ಕೊಟ್ಟರೆ ಕಂಬಳಿ ಹೊದಿಸಿದಂತೆ ಮಂಕಾಗುತ್ತದೆ. ಮಾಡೆಲರ್ ಮೊದಲು ಆನ್, ಪವರ್ ಆಂಪ್ ಕೊನೆಗೆ. ಆಫ್ ಮಾಡುವಾಗ ಪವರ್ ಆಂಪ್ ಮೊದಲು, ಇಲ್ಲದಿದ್ದರೆ ಸ್ಪೀಕರಿಗೆ ಧಡ್ ಎಂದು ಪೆಟ್ಟು. ವಾಲ್ವಿನದಾದರೆ ಸ್ಟ್ಯಾಂಡ್‌ಬೈನಲ್ಲಿ ಒಂದು ನಿಮಿಷ ಬಿಸಿಯಾಗಲಿ. ಮಾಡೆಲರಿನ ಔಟ್‌ಪುಟ್ ಲೈನ್ ಲೆವೆಲ್ಲಿಗಿಟ್ಟು, ವಾಲ್ಯೂಮ್ ಸೊನ್ನೆಯಿಂದ ಏರಿಸಿ. ಪೆಡಲ್ ಮಟ್ಟಕ್ಕೆ ಮಾಡಿದ ಎಫೆಕ್ಟ್ಸ್ ರಿಟರ್ನಿಗಾದರೆ ಇನ್‌ಸ್ಟ್ರುಮೆಂಟ್ ಲೆವೆಲ್ಲಿಗೆ ಇಳಿಸಿ.

ವಾರಕ್ಕೊಂದು ಊರು, ದಿನಕ್ಕೊಂದು ಶೈಲಿ, ಮೆಟ್ಟಿಲ ಮೇಲೆ ಹೊತ್ತು ಸಾಗಿಸುವುದು, ಬಸ್ಸಿನ ಡಿಕ್ಕಿಯಲ್ಲಿ ಹಾಕುವುದು – ಇಂಥವರಿಗೆ ಸಾಲಿಡ್ ಸ್ಟೇಟೇ ಸರಿ. ಫೆಂಡರ್ ಸೌಂಡಿನಿಂದ ಮಾರ್ಷಲ್ ಸೌಂಡಿಗೆ ಹಾರಿದರೂ ಪವರ್ ಆಂಪ್ ತನ್ನ ಬಣ್ಣ ಸೇರಿಸದೆ ಬಿಡುತ್ತದೆ. ಒಂದೇ ಕ್ಯಾಬ್, ಒಂದೇ ಥರದ ರಾಕ್ ಸೌಂಡ್, ರಿಹರ್ಸಲ್ ರೂಮಿನಿಂದ ಕದಲದ ಸೆಟಪ್ ಇದ್ದರೆ ವಾಲ್ವಿಗೆ ಅರ್ಥವಿದೆ. ಆಗಲೂ ಹೊಸ ಪವರ್ ಆಂಪ್ ಕೊಳ್ಳಬೇಕೆಂದಿಲ್ಲ. ಎಫೆಕ್ಟ್ಸ್ ಲೂಪ್ ಇರುವ ಹಳೆಯ ವಾಲ್ವ್ ಕಾಂಬೋ ಸಿಕ್ಕರೆ ಅದರ ರಿಟರ್ನ್ ಜಾಕಿಗೆ ಮಾಡೆಲರ್ ಚುಚ್ಚಿ. ಪ್ರಿಆಂಪ್ ಬದಿಗೆ ಸರಿದು ಪವರ್ ಆಂಪ್, ಸ್ಪೀಕರ್ ಎರಡೂ ಒಟ್ಟಿಗೆ ಸಿಕ್ಕವು.

ಹಾಗೆ ಹಳೆಯದು ಕೊಳ್ಳುವಾಗ ಕತ್ತಲಲ್ಲಿ ಹತ್ತು ನಿಮಿಷ ಆನ್ ಮಾಡಿ ಟ್ಯೂಬುಗಳನ್ನು ನೋಡಿ. ಒಳಗಿನ ಹೀಟರ್ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸರಿ. ಹೊರಗಿನ ಬೂದು ಪ್ಲೇಟೇ ಕೆಂಪಗಾದರೆ ಬಯಾಸ್ (ಸುಮ್ಮನಿರುವಾಗ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಿಕೆ) ಕೆಟ್ಟಿದೆ, ಕೂಡಲೇ ಆಫ್ ಮಾಡಿ. ಹೆಚ್ಚೆಂದರೆ 30 ವ್ಯಾಟ್ ಬಿಸಿ ತಾಳುವ 6ಎಲ್6ಗೆ 450 ವೋಲ್ಟಿನಲ್ಲಿ ಸುಮ್ಮನಿರುವಾಗ ಒಂದು ಟ್ಯೂಬಿಗೆ 46 ಮಿಲಿಆಂಪಿಯರ್ ದಾಟಬಾರದು; ಆ 30 ವ್ಯಾಟಿನ ಶೇಕಡಾ 70ರ ಲೆಕ್ಕವದು. ಅಳೆಯುವ ಕೆಲಸ ಗೊತ್ತಿದ್ದವರದು, ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಕೊಲ್ಲುವಷ್ಟು ಚಾರ್ಜ್ ಉಳಿದಿರುತ್ತದೆ. ಫ್ಯೂಸ್ ಬಿಚ್ಚಿ ನೋಡಿ. ಅದಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿದ್ದರೆ, ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.