ತೊಟ್ಟಿಲಿಗಿಂತ ಮೊದಲು ಅಳತೆ ಟೇಪು

ಮುಂಬಯಿಯ ಆಸುಪಾಸಿನ ಡೊಂಬಿವಲಿ, ಮುಲುಂಡ್ ಕಡೆಯ ಒನ್ ಬಿಎಚ್‌ಕೆಯಲ್ಲಿ ಬೆಡ್‌ರೂಮ್ ಅಂದರೆ ಹೆಚ್ಚೆಂದರೆ ಹತ್ತಡಿಗೆ ಹತ್ತಡಿ. ಡಬಲ್ ಕಾಟ್, ಒಂದು ಕಪಾಟು ಇಟ್ಟರೆ ಉಳಿಯುವುದು ಓಡಾಡುವ ಜಾಗ ಮಾತ್ರ. ಮಗುವಿಗೆ ಬೇರೆ ಕೋಣೆ ಇಲ್ಲವಲ್ಲ ಎಂದು ಕೊರಗಬೇಕಾಗಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಸಲಹೆಯೂ ಅದೇ: ಮೊದಲ 6 ತಿಂಗಳಾದರೂ ಮಗು ಅಪ್ಪ ಅಮ್ಮನ ಕೋಣೆಯಲ್ಲೇ ಇರಲಿ, ಹಾಸಿಗೆ ಮಾತ್ರ ಬೇರೆಯಾಗಿರಲಿ. 120×60 ಸೆಂ.ಮೀ. ಹಾಸಿಗೆ ಹಿಡಿಸುವ ಮಗುವಿನ ಕಾಟ್ ಇಡಲು ನಾಲ್ಕಡಿ ಚಿಲ್ಲರೆ ಗೋಡೆ ಸಾಕು. ಡೈಪರ್ ಬದಲಿಸುವ ಮೇಜು ನನ್ನ ಪಟ್ಟಿಯಲ್ಲೇ ಇಲ್ಲ; ನೆಲದ ಮೇಲಿನ ಚಾಪೆಯಿಂದ ಯಾವ ಮಗುವೂ ಕೆಳಗೆ ಬೀಳುವುದಿಲ್ಲ.

ಕಾಟ್ ನೋಡುವಾಗ ಬಣ್ಣ, ಚಿತ್ರ ಆಮೇಲೆ. ಮೊದಲು ಕಂಬಿಗಳ ಸಂದು. ಅದು 4.5ರಿಂದ 6 ಸೆಂ.ಮೀ. ನಡುವೆ ಇರಬೇಕು. ಟೇಪು ಮರೆತಿದ್ದರೆ ಜೇಬಿನ ಎಟಿಎಂ ಕಾರ್ಡು ಆದೀತು. ಅದರ ಗಿಡ್ಡ ಬದಿ 5.4 ಸೆಂ.ಮೀ. ಕಂಬಿಗಳ ನಡುವೆ ಅದನ್ನು ಹಿಡಿದಾಗ ಪಕ್ಕದಲ್ಲಿ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಜಾಗ ಕಂಡರೆ ಆ ಕಾಟ್ ಬೇಡ. ಮಗು ಸಂದಿನಲ್ಲಿ ಜಾರುವುದು ತಲೆಯಿಂದಲ್ಲ, ಕಾಲಿನಿಂದ. ಸೊಂಟ ನುಸುಳಿದಲ್ಲಿ ತಲೆ ನುಸುಳದು. ಮೈ ಹೊರಗೆ ನೇತಾಡುತ್ತದೆ, ಕುತ್ತಿಗೆ ಕಂಬಿಗೆ ಸಿಕ್ಕಿಬೀಳುತ್ತದೆ. ಬಾಲ್ಕನಿ ಗ್ರಿಲ್ಲಿಗೆ ನಾಲ್ಕಿಂಚು ಬಿಟ್ಟು ರೂಢಿಯಾದ ಬಡಗಿ ಕಾಟಿಗೂ ನಾಲ್ಕಿಂಚೇ ಬಿಡುತ್ತಾನೆ. ಆರ್ಡರ್ ಕೊಡುವಾಗ ಬಾಯಲ್ಲಿ ಹೇಳಿದರೆ ಸಾಲದು, 6 ಸೆಂ.ಮೀ. ಅಗಲದ ಪ್ಲೈವುಡ್ ತುಂಡು ಕತ್ತರಿಸಿ ಅವನ ಕೈಗೇ ಕೊಡಿ.

ಹಾಸಿಗೆ ಹತ್ತು ಸೆಂಟಿಮೀಟರ್ ದಪ್ಪದ್ದು, ಗಟ್ಟಿಯಾದದ್ದು. ಅಂಗೈ ಒತ್ತಿ ತೆಗೆದರೆ ಗುಳಿ ತಕ್ಷಣ ಮಾಯವಾಗಬೇಕು. ರಬ್ಬರೀಕೃತ ತೆಂಗಿನನಾರಿನದ್ದು ಮುಂಬಯಿಯ ಸೆಕೆಗೂ ಒಳ್ಳೆಯದು. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಇಳಿದರೆ ಅಳತೆ ತಪ್ಪಿದೆ ಅಂತಲೇ ಲೆಕ್ಕ. ಅಂಗಡಿಯವರು ಕವರ್ ಬಿಗಿಯಾಗಿ ಹೊಲಿದಾಗ ನಾಲ್ಕು ಮೂಲೆಗಳೂ ದುಂಡಗಾಗುತ್ತವೆ. ಬದಿಯಲ್ಲಿ ಸರಿ ಇದ್ದ ಅಳತೆ ಮೂಲೆಯಲ್ಲಿ ಕೈಕೊಡುತ್ತದೆ. ಅದಕ್ಕೇ ಬೆರಳು ಹಾಕಿ ನೋಡಬೇಕಾದದ್ದು ಮೂಲೆಯಲ್ಲಿ. ಮಗು ಕೂರಲು ಶುರು ಮಾಡುವ ಮೊದಲೇ ತಳವನ್ನು ಕೆಳಗಿಳಿಸಿ, ಹಾಸಿಗೆಯಿಂದ ಕಟಕಟೆಯ ತುದಿಗೆ 60 ಸೆಂ.ಮೀ. ಸಿಗುವಂತೆ ಮಾಡಿ.

ಕಾಟಿನೊಳಗೆ ಬಿಗಿಯಾದ ಒಂದು ಬಟ್ಟೆ, ಅದರ ಮೇಲೆ ಅಂಗಾತ ಮಲಗಿದ ಮಗು, ಅಷ್ಟೇ. ಸುತ್ತ ಕಟ್ಟುವ ಮೆತ್ತೆಗಳ ಮಾರಾಟವನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಲ್ಲಿಸಿತು. ನಮ್ಮಲ್ಲಿ ಅಜ್ಜಿಯರಿಗೆ ಬೇಸರವಾಗುವುದು ಸಾಸಿವೆ ದಿಂಬು ಬೇಡ ಎಂದಾಗ. ತಲೆ ದುಂಡಗಾಗಬೇಕೆಂಬ ಆಸೆ ತಪ್ಪಲ್ಲ. ಅದಕ್ಕೆ ದಿನಕ್ಕೊಂದು ದಿಕ್ಕಿಗೆ ತಲೆಯಿಟ್ಟು ಮಲಗಿಸಿ, ಎಚ್ಚರವಿದ್ದಾಗ ಕಣ್ಣೆದುರಲ್ಲೇ ಬೋರಲು ಹಾಕಿ.

ತವರಿನಿಂದ ಬರುವ ತೊಟ್ಟಿಲಿನ ವಿಷಯ ಸ್ವಲ್ಪ ಸೂಕ್ಷ್ಮ. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲು ಒಂದು ಬಗೆ. ಹಳೆಯ ತೊಟ್ಟಿಲಿಗೆ ಯಾರೋ ಮೇಲಿಂದ ಬಳಿದ ಎಣ್ಣೆ ಪೇಂಟು ಬೇರೆಯೇ. ಮನೆಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ತಯಾರಕರಿಗೆ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಹಲ್ಲು ಬರುವ ಹೊತ್ತಿಗೆ ಮಗು ಕಚ್ಚುವುದು ತೊಟ್ಟಿಲಿನ ಅಂಚನ್ನೇ. ಸಿಪ್ಪೆ ಏಳುತ್ತಿದ್ದರೆ ಮರಳು ಕಾಗದ ಹಾಕಿ ಉಜ್ಜಬೇಡಿ, ಧೂಳು ಮನೆಯೆಲ್ಲ ಹರಡುತ್ತದೆ. ನಾಮಕರಣದ ಶಾಸ್ತ್ರ ಮುಗಿಸಿ ಅದನ್ನು ಷೋಕೇಸಿಗೆ ಇಡುವುದೇ ಮರ್ಯಾದೆ. ಸೀರೆಯ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ, ಶ್ವಾಸನಾಳ ಮಡಚಿಕೊಳ್ಳುತ್ತದೆ. ಲಾಲಿ ಹಾಡುವಾಗ ಎದುರು ಕೂತಿದ್ದರೆ ಸರಿ, ರಾತ್ರಿಯಿಡೀ ಬೇಡ. ಹಳೇ ಕಟ್ಟಡದ ಸ್ಲ್ಯಾಬಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಪ್ಲಾಸ್ಟರ್ ಉಬ್ಬಿದ್ದರೆ ಜೋಲಿ ಕಟ್ಟುವ ಕೊಕ್ಕೆಯನ್ನು ನಂಬಲೇಬೇಡಿ.

ಜೋಗೇಶ್ವರಿಯ ಓಶಿವಾರ ಮಾರುಕಟ್ಟೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಾಟ್ ಅಗ್ಗಕ್ಕೆ ಸಿಕ್ಕೀತು. ಒಂದು ಬದಿ ಮೇಲೆ ಕೆಳಗೆ ಜಾರುವಂಥದ್ದಾದರೆ ಬಿಟ್ಟುಬಿಡಿ. ಕೊಂಡಿ ಸವೆದಾಗ ಆ ಬದಿ ಓರೆಯಾಗಿ ಕಳಚಿ, ಹಾಸಿಗೆ ಪಕ್ಕ ಸಂದು ಬಾಯಿ ಬಿಡುತ್ತದೆ. ಅಮೆರಿಕದಲ್ಲಿ 2011ರಿಂದ ಅಂಥವನ್ನು ಮಾರುವಂತಿಲ್ಲ.

ಇನ್ನು ಕಪಾಟು. ಒಂದು ವರ್ಷದ ಮಗು ಕೆಳಗಿನ ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಳ್ಳುತ್ತದೆ. ಭಾರ ಮುಂದಕ್ಕೆ ಬಂದು ಕಪಾಟು ಅದರ ಮೇಲೇ ಮಗುಚುತ್ತದೆ. ಮೇಲ್ತುದಿಯಲ್ಲಿ ಎರಡು ಎಲ್ ಬ್ರಾಕೆಟ್ ಹಾಕಿ ಗೋಡೆಗೆ ಬಿಗಿಯಲೇಬೇಕು. ಎಲ್ಲ ಎಡವುವುದು ಗೋಡೆಯ ವಿಷಯದಲ್ಲಿ. ಹೊಸ ಟವರುಗಳ ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಡ್ರಿಲ್ ಬೇಕು, ಆದರೆ ಹಿಡಿತ ಭದ್ರ. ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ) ಮಿದು. ಅದಕ್ಕೆ ಎಂಟು ಸೆಂಟಿಮೀಟರಿನ ಉದ್ದ ನೈಲಾನ್ ಪ್ಲಗ್ಗೇ ಬೇಕು, ಮತ್ತು ಹ್ಯಾಮರ್ ಆಫ್ ಮಾಡಿ ಕೊರೆಯಬೇಕು, ಇಲ್ಲವಾದರೆ ತೂತು ಅಗಲವಾಗಿ ಪ್ಲಗ್ ಸುತ್ತಾಡುತ್ತದೆ. ಚಿಕ್ಕ ಮೊಳೆ ಹಿಡಿಯುವುದು ಒಂದೂವರೆ ಸೆಂಟಿಮೀಟರಿನ ಪ್ಲಾಸ್ಟರನ್ನು ಮಾತ್ರ. ಬಿಗಿದ ಮೇಲೆ ಮೇಲ್ತುದಿ ಹಿಡಿದು ಜೋರಾಗಿ ಎಳೆದು ನೋಡಿ. ಚಾಳಿನ (ಮುಂಬಯಿಯ ಹಳೇ ವಠಾರದ) ಮರದ ಪಾರ್ಟಿಷನ್ನಿಗೆ ಕಪಾಟು ಒರಗಿಸಲೇಬೇಡಿ, ಬೇರೆ ಗೋಡೆ ಹುಡುಕಿ.

ಕಿಟಕಿಯ ಕೆಳಗೆ ಕಾಟ್, ಸ್ಟೂಲ್, ಸೋಫಾ ಯಾವುದೂ ಬೇಡ. ಪರದೆಯ ಹಗ್ಗ ಮಗುವಿನ ಕೈಗೆ ಎಟುಕಬಾರದು. ಗ್ರಿಲ್ ಕಂಬಿಗಳ ಸಂದು 10 ಸೆಂ.ಮೀ. ಮೀರಿದ್ದರೆ ನಡುವೆ ಇನ್ನೊಂದು ಕಂಬಿ ವೆಲ್ಡ್ ಮಾಡಿಸಿ, ಅದೂ ನೆಟ್ಟಗೆ. ಅಡ್ಡ ಕಂಬಿ ಏಣಿಯಾಗುತ್ತದೆ.

ಬಡಗಿ ಕೆಲಸ, ಪಾಲಿಶು ಎಲ್ಲ ಹೆರಿಗೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಮುಗಿಯಲಿ. ಜುಲೈ, ಆಗಸ್ಟಿನ ತೇವದಲ್ಲಿ ಪಾಲಿಶ್ ಬೆಳ್ಳಗೆ ಮಂಜಾಗುತ್ತದೆ, ವಾಸನೆಯೂ ಬೇಗ ಹೋಗದು. ಪ್ಲೈ ಕೊಳ್ಳುವಾಗ ಇ0 ಅಥವಾ ಇ1 ಗುರುತು ಕೇಳಿ; ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಅನಿಲ ಕಡಿಮೆ ಎಂಬುದರ ಗುರುತು ಅದು. ಪಾರ್ಟಿಕಲ್ ಬೋರ್ಡ್ ಮಳೆಗಾಲದಲ್ಲಿ ಉಬ್ಬಿ ಸ್ಕ್ರೂ ಕಳಚುತ್ತದೆ. ಕಪಾಟಿನ ಹಿಂದೆ ನಾಲ್ಕು ಬೆರಳು ಗಾಳಿಗೆ ಬಿಟ್ಟರೆ ಬೂಷ್ಟು ಕಡಿಮೆ, ಆದರೆ ಆಗ ಬ್ರಾಕೆಟ್ಟೂ ಅಷ್ಟೇ ಉದ್ದದ್ದು ಬೇಕು. ಮರದ ಕಾಟ್ ಆದರೂ ಮಳೆಯಲ್ಲಿ ಹಿಗ್ಗುತ್ತದೆ, ಗಣಪತಿ ಹೋದ ಮೇಲೆ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಅದನ್ನು ಮತ್ತೆ ಬಿಗಿಯಲು, ಕಾಟಿನ ಜೊತೆಗೆ ಬಂದ ಆ್ಯಲನ್ ಕೀಯನ್ನು (ಆರು ಮೂಲೆಯ ಬಾಗಿದ ಕಡ್ಡಿ) ಡ್ರಾಯರಿಗೆ ಎಸೆಯದೆ, ಕಾಟಿನ ತಳದ ಹಲಗೆಗೆ ಕೆಳಗಿನಿಂದ ಟೇಪು ಹಾಕಿ ಅಂಟಿಸಿಡಿ.