ಬೆರೆಸಿದ ಧಾತು ಎಲ್ಲಿ ಕೂರುತ್ತದೆ?

ಒಂದು ಸ್ಟೇನ್‌ಲೆಸ್ ಸ್ಟೀಲ್ ತಗಡು. ಅದರಲ್ಲಿ ಶೇ 18 ಕ್ರೋಮಿಯಂ, ಶೇ 8 ನಿಕಲ್. ಎರಡು ತುಂಡು ಸೇರಿಸಿ ವೆಲ್ಡ್ ಮಾಡಿ, ಅದನ್ನು ಆಮ್ಲ ತುಂಬುವ ಟ್ಯಾಂಕ್‌ಗೆ ಬಳಸಿದ್ದಾರೆ ಅಂದುಕೊಳ್ಳಿ. ಸ್ವಲ್ಪ ಕಾಲ ಕಳೆದ ಮೇಲೆ ವೆಲ್ಡ್‌ನ ಪಕ್ಕದಲ್ಲೇ, ಗೆರೆ ಎಳೆದ ಹಾಗೆ, ಲೋಹ ಸವೆದುಹೋಗಿರುತ್ತದೆ. ಆ ಜಾಗದ ಲೋಹವನ್ನು ಕೆರೆದು ಪರೀಕ್ಷೆಗೆ ಕಳಿಸಿದರೆ ಬರುವ ಉತ್ತರ ಮತ್ತೆ ಅದೇ: ಕ್ರೋಮಿಯಂ ಶೇ 18.

ಕ್ರೋಮಿಯಂ ಎಲ್ಲೂ ಹೋಗಿಲ್ಲ. ಜಾಗ ಬದಲಾಯಿಸಿದೆ, ಅಷ್ಟೇ. ಲೋಹ ಅಂದರೆ ಒತ್ತಾಗಿ ಕೂತ ಸಣ್ಣ ಸಣ್ಣ ಹರಳುಗಳ ರಾಶಿ. ವೆಲ್ಡಿಂಗ್ ಬಿಸಿಗೆ, ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ, ಉಕ್ಕಿನಲ್ಲಿದ್ದ ಕಾರ್ಬನ್ ಈ ಹರಳುಗಳ ಅಂಚಿಗೆ ಬರುತ್ತದೆ. ಅಕ್ಕಪಕ್ಕದ ಕ್ರೋಮಿಯಂ ಎಳೆದುಕೊಂಡು ಕಾರ್ಬೈಡ್ ಆಗಿ ಅಲ್ಲೇ ಕೂತುಬಿಡುತ್ತದೆ. ಅಂಚಿಗೆ ಅಂಟಿಕೊಂಡ ತೆಳುವಾದ ಪಟ್ಟಿಯಲ್ಲಿ ಕ್ರೋಮಿಯಂ ಶೇ 12ಕ್ಕಿಂತ ಕೆಳಗಿಳಿಯುತ್ತದೆ. ತುಕ್ಕು ತಡೆಯುವ ಪದರ ಅಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಮದ್ದು ಏನು ಗೊತ್ತಾ? ಒಂದೋ ಕಾರ್ಬನ್ ಅನ್ನು ಶೇ 0.03ಕ್ಕೆ ಇಳಿಸಬೇಕು. ಇಲ್ಲವೇ ಕಾರ್ಬನ್ ಜೊತೆ ಕ್ರೋಮಿಯಂಗಿಂತ ಮೊದಲೇ ಕೂಡಿಕೊಳ್ಳುವ ಟೈಟಾನಿಯಂ ಅಥವಾ ನಿಯೋಬಿಯಂ ಸ್ವಲ್ಪ ಹಾಕಬೇಕು. ಇನ್ನಷ್ಟು ಕ್ರೋಮಿಯಂ ಸುರಿಯುವುದಕ್ಕಿಂತ ಇದು ಜಾಣತನದ ದಾರಿ.

ಮಿಶ್ರಲೋಹದ ಬಗ್ಗೆ ಓದಲು ಹೊರಟವರಿಗೆ ಮೊದಲು ಸಿಗುವುದು ಶೇಕಡಾವಾರು ಪಟ್ಟಿ. ಇಷ್ಟು ನಿಕಲ್ ಹಾಕಿದರೆ ಗಟ್ಟಿ, ಇಷ್ಟು ವನೇಡಿಯಂ ಹಾಕಿದರೆ ಇನ್ನೂ ಗಟ್ಟಿ ಅನ್ನುವ ಮಾತು. ಅದೇ ಧಾತು ಒಂದು ಕಡೆ ಬಲ ಕೊಡುತ್ತದೆ, ಇನ್ನೊಂದು ಕಡೆ ಲೋಹವನ್ನು ಪೆಡಸು ಮಾಡುತ್ತದೆ. ಓದಿದಷ್ಟೂ ಗೊಂದಲ. ಈ ಗೊಂದಲ ಎಲ್ಲಿಂದ ಬಂತು ಅಂತ ನೋಡಬೇಕಾದರೆ ಹಿಂದಕ್ಕೆ ಹೋಗಬೇಕು.

ಸಾವಿರಾರು ವರ್ಷದ ಕಥೆಯನ್ನು ಬೇಗ ಮುಗಿಸುತ್ತೇನೆ. ತಾಮ್ರಕ್ಕೆ ಮೊದಲು ಆರ್ಸೆನಿಕ್ ಸೇರಿತು, ಆಮೇಲೆ ಹತ್ತರಲ್ಲಿ ಒಂದು ಪಾಲು ತವರ ಸೇರಿ ಕಂಚಾಯಿತು. ಕಬ್ಬಿಣಕ್ಕೆ ಕುಲುಮೆಯ ಇದ್ದಿಲಿನಿಂದ ಕಾರ್ಬನ್ ಸೇರಿ ಉಕ್ಕಾಯಿತು. ಕಮ್ಮಾರರ ಕೈಗೆ ಹದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕಬ್ಬಿಣಕ್ಕೂ ಉಕ್ಕಿಗೂ ಇರುವ ವ್ಯತ್ಯಾಸ ಕಾರ್ಬನ್‌ನದು ಅಂತ ರಸಾಯನಶಾಸ್ತ್ರಜ್ಞರು ತೋರಿಸಿದ್ದೇ 18ನೇ ಶತಮಾನದ ಕೊನೆಯಲ್ಲಿ.

1856ರಲ್ಲಿ ಹೆನ್ರಿ ಬೆಸಿಮರ್ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ಅಗ್ಗದ ಉಕ್ಕು ಮಾಡುವ ದಾರಿ ತೋರಿಸಿದ. ಆದರೆ ಆ ಉಕ್ಕನ್ನು ಕಾಯಿಸಿ ಬಡಿದರೆ ಬಿರುಕು ಬಿಡುತ್ತಿತ್ತು. ಕಾರಣ ಉಕ್ಕಿನಲ್ಲಿದ್ದ ಗಂಧಕ. ಅದು ಕಬ್ಬಿಣದ ಜೊತೆ ಸೇರಿ ಹರಳುಗಳ ಅಂಚಿನಲ್ಲಿ ಬೇಗ ಕರಗುವ ಪೊರೆಯಾಗುತ್ತದೆ. ಬಿಸಿಯಲ್ಲಿ ಆ ಪೊರೆ ನೀರಾದರೆ ಹರಳಿಗೂ ಹರಳಿಗೂ ಹಿಡಿತ ತಪ್ಪುತ್ತದೆ. ರಾಬರ್ಟ್ ಮಷೆಟ್ ಮ್ಯಾಂಗನೀಸ್ ಇರುವ ಕಬ್ಬಿಣ ಸೇರಿಸಿದ. ಗಂಧಕ ಮ್ಯಾಂಗನೀಸ್ ಜೊತೆ ಸೇರಿ, ಪೊರೆ ಆಗುವ ಬದಲು ಬಿಡಿ ಬಿಡಿ ಉಂಡೆಯಾಯಿತು. ಗಂಧಕ ಉಕ್ಕಿನಲ್ಲೇ ಉಳಿಯಿತು, ತೊಂದರೆ ಹೋಯಿತು. ಈಗಿನ ಕಣ್ಣಿಗೆ ಇದು ದೊಡ್ಡ ಪಾಠ. ಆಗ ಮಾತ್ರ 'ಮ್ಯಾಂಗನೀಸ್ ಹಾಕಿದರೆ ಒಳ್ಳೇದು' ಅನ್ನುವಷ್ಟೇ ಉಳಿಯಿತು.

ಹಾಗಾದರೆ ಮ್ಯಾಂಗನೀಸ್ ಜಾಸ್ತಿ ಹಾಕಿದರೆ? ಶೇ 4, 5ರ ಹೊತ್ತಿಗೆ ಉಕ್ಕು ಗಾಜಿನ ಹಾಗೆ ಪೆಡಸಾಗುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ಕೈಬಿಡಬೇಕು, ಅಲ್ವಾ? ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ ಬಿಡಲಿಲ್ಲ. 1882ರಲ್ಲಿ ಶೇ 12ರಿಂದ 13ರವರೆಗೆ ಹೋದ. ಸಿಕ್ಕಿದ್ದು ಒಡೆಯದ, ಹೊಡೆದಷ್ಟೂ ಮೇಲ್ಮೈ ಗಟ್ಟಿಯಾಗುವ ಉಕ್ಕು. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಬಾಗುವ ಗುಣ ಬರುತ್ತದೆ. ಸಾಮಾನ್ಯ ಉಕ್ಕಿನಲ್ಲಿ ಇದೇ ಕೆಲಸ ಮಾಡಿದರೆ ಉಲ್ಟಾ, ಪೆಡಸಾಗುತ್ತದೆ. ರೈಲು ಹಳಿಗಳು ಒಂದನ್ನೊಂದು ದಾಟುವ ಜಾಗಕ್ಕೆ ಇವತ್ತಿಗೂ ಈ ಉಕ್ಕನ್ನೇ ಹಾಕುತ್ತಾರೆ. ಅಷ್ಟು ಮ್ಯಾಂಗನೀಸ್ ಇದ್ದಾಗ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬೇರೆಯಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಕೆಂಪಗೆ ಕಾದಾಗ ಮಾತ್ರ ಇರುವ ಆಸ್ಟೆನೈಟ್ ಅನ್ನುವ ರಚನೆ ತಣ್ಣಗಾದ ಮೇಲೂ ಉಳಿದುಬಿಡುತ್ತದೆ.

ಅದೇ ಕಾಲದ ಆಚೀಚೆ ಟಂಗ್‌ಸ್ಟನ್ ಉಕ್ಕು, ನಿಕಲ್ ಉಕ್ಕು ಬಂದವು. 1912 ಮತ್ತು 1913ರಲ್ಲಿ ಜರ್ಮನಿಯಲ್ಲೂ ಇಂಗ್ಲೆಂಡ್‌ನಲ್ಲೂ ಸ್ಟೇನ್‌ಲೆಸ್ ಉಕ್ಕು ಬಂತು. ಅವುಗಳ ಕಥೆ ಬಿಟ್ಟು ಅಲ್ಯೂಮಿನಿಯಂಗೆ ಬರುತ್ತೇನೆ. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಇಷ್ಟದ ಭಾಗ ಇದು. ಯಾಕೆಂದರೆ 'ಎಷ್ಟು' ಅನ್ನುವ ಪ್ರಶ್ನೆ 'ಎಲ್ಲಿ' ಅನ್ನುವ ಪ್ರಶ್ನೆಯಾಗಿ ಬದಲಾಗಿದ್ದು ಇಲ್ಲೇ.

ಬರ್ಲಿನ್ ಪಕ್ಕದ ಪ್ರಯೋಗಾಲಯವೊಂದರಲ್ಲಿ ಆಲ್‌ಫ್ರೆಡ್ ವಿಲ್ಮ್ ಅಲ್ಯೂಮಿನಿಯಂ ಅನ್ನು ಗಟ್ಟಿ ಮಾಡಲು ನೋಡುತ್ತಿದ್ದ. ಉಕ್ಕನ್ನು ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ, ಇದೂ ಆಗಬಹುದು ಅಂತ ಅವನ ಲೆಕ್ಕ. 1906ರಲ್ಲಿ ಸುಮಾರು ಶೇ 4 ತಾಮ್ರ, ಶೇ 0.5 ಮೆಗ್ನೀಸಿಯಂ ಇದ್ದ ಅಲ್ಯೂಮಿನಿಯಂ ತಗಡನ್ನು 500 ಡಿಗ್ರಿ ದಾಟಿಸಿ ಕಾಯಿಸಿ ನೀರಿಗೆ ಹಾಕಿದ. ಆಗ ಅಳೆದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅದು ಶನಿವಾರ. ಉಳಿದ ಅಳತೆಯನ್ನು ಸೋಮವಾರ ಮಾಡಿದಾಗ ಅದೇ ತಗಡು ತುಂಬಾ ಗಟ್ಟಿಯಾಗಿತ್ತು ಅನ್ನುವುದು ಎಲ್ಲರೂ ಹೇಳುವ ಕಥೆ. ಯಾರೂ ಮುಟ್ಟಿಲ್ಲ, ಕಾಯಿಸಿಲ್ಲ, ಬಡಿದಿಲ್ಲ. ಸುಮ್ನೆ ಮೇಜಿನ ಮೇಲೆ ಬಿದ್ದಿದ್ದ ಲೋಹ ತಾನಾಗಿಯೇ ಬಲ ತುಂಬಿಕೊಂಡಿತ್ತು.

ಈ ಲೋಹಕ್ಕೆ ಡ್ಯುರಾಲುಮಿನ್ ಅಂತ ಹೆಸರಾಯಿತು. ಶುದ್ಧ ಅಲ್ಯೂಮಿನಿಯಂಗಿಂತ ನಾಲ್ಕೈದು ಪಟ್ಟು ಬಲ, ತೂಕ ಹೆಚ್ಚುಕಡಿಮೆ ಅಷ್ಟೇ. ಜೆಪ್ಪೆಲಿನ್ ವಾಯುನೌಕೆಗಳ ಅಸ್ಥಿಪಂಜರ ಇದರದಾಯಿತು. 1919ರಲ್ಲಿ ಯುಂಕರ್ಸ್ ಎಫ್13 ಅನ್ನುವ ಪೂರ್ತಿ ಲೋಹದ ಪ್ರಯಾಣಿಕ ವಿಮಾನ ಇದರಿಂದಲೇ ಎದ್ದಿತು. ಆಮೇಲೆ ವಿಮಾನ ಕಾರ್ಖಾನೆಗಳಲ್ಲಿ ರಿವೆಟ್‌ಗಳನ್ನು ಐಸ್ ಪೆಟ್ಟಿಗೆಯಲ್ಲಿ ಇಡುವ ರೂಢಿ ಬಂತು. ಕಾಯಿಸಿ ತಣಿಸಿದ ರಿವೆಟ್ ಹೊರಗಿಟ್ಟರೆ ಕೆಲವೇ ತಾಸಿನಲ್ಲಿ ಗಟ್ಟಿಯಾಗಿ ಬಡಿಯಲು ಬರುವುದಿಲ್ಲ. ತಣ್ಣಗಿಟ್ಟರೆ ಮೆತ್ತಗೇ ಉಳಿಯುತ್ತದೆ.

ಯಾಕೆ ಹೀಗೆ? ವಿಲ್ಮ್‌ಗೆ ಗೊತ್ತಾಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಮೊದಲೂ ಆಮೇಲೂ ಒಂದೇ ಥರ ಕಾಣುತ್ತಿತ್ತು. 1919ರಲ್ಲಿ ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಮೆರಿಕಾ ಮತ್ತು ಜೊತೆಗಾರರು ಒಂದು ಉತ್ತರ ಕೊಟ್ಟರು. 548 ಡಿಗ್ರಿಯಲ್ಲಿ ಗಟ್ಟಿ ಅಲ್ಯೂಮಿನಿಯಂ ಶೇ 5ಕ್ಕಿಂತ ಜಾಸ್ತಿ ತಾಮ್ರವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ತಣ್ಣಗಾದಾಗ ಅದರಲ್ಲಿ ಬಹುಪಾಲನ್ನು ಹಿಡಿದಿಡಲಾರದು. ನಿಧಾನಕ್ಕೆ ತಣಿಸಿದರೆ ತಾಮ್ರ ದೊಡ್ಡ ದೊಡ್ಡ ಕಣವಾಗಿ ಹೊರಬೀಳುತ್ತದೆ. ದಿಢೀರ್ ತಣಿಸಿದರೆ ಹೊರಬೀಳಲು ಪುರಸೊತ್ತಿಲ್ಲ, ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ದಿನಗಟ್ಟಲೆ ನಿಧಾನಕ್ಕೆ ಗುಂಪುಗೂಡುತ್ತದೆ. ಆ ಗುಂಪುಗಳು ಎಷ್ಟು ಸಣ್ಣವೆಂದರೆ ಆಗಿನ ಯಾವ ಸೂಕ್ಷ್ಮದರ್ಶಕಕ್ಕೂ ಕಾಣವು ಅಂತ ಅವರು ಹೇಳಿದರು. ಕಾಣದ್ದನ್ನು ಇದೆ ಅಂತ ಹೇಳುವ ಧೈರ್ಯ ಸಣ್ಣದಲ್ಲ.

ಆದರೆ ಸಣ್ಣ ಗುಂಪು ಇದ್ದರೆ ಲೋಹ ಯಾಕೆ ಗಟ್ಟಿಯಾಗಬೇಕು? ಅದಕ್ಕೆ ಉತ್ತರ ಬೇರೆ ಕಡೆಯಿಂದ ಬಂತು. ಶುದ್ಧ ಲೋಹಗಳು ಲೆಕ್ಕಕ್ಕಿಂತ ಸಾವಿರ ಪಟ್ಟು ಸುಲಭವಾಗಿ ಬಾಗುತ್ತವೆ ಅನ್ನುವುದು ಭೌತಶಾಸ್ತ್ರಜ್ಞರನ್ನು ಕಾಡುತ್ತಿತ್ತು. 1934ರಲ್ಲಿ ಟೇಲರ್, ಒರೊವನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಒಂದೇ ವಿಚಾರ ಮುಂದಿಟ್ಟರು. ಬೆಂಚಿನ ಮೇಲೆ ಒತ್ತಾಗಿ ಕೂತವರನ್ನು ಒಂದೇ ಸಲ ತಳ್ಳಿದರೆ ಯಾರೂ ಅಲುಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರು ಸ್ವಲ್ಪ ಸರಿದರೆ ಇಡೀ ಸಾಲೇ ಸರಿಯುತ್ತದೆ. ಹರಳಿನಲ್ಲಿ ಹೀಗೆ ಸಾಲು ತಪ್ಪಿದ ಗೆರೆಗಳಿರುತ್ತವೆ. ಅವಕ್ಕೆ ಡಿಸ್‌ಲೊಕೇಶನ್ ಅಂತ ಹೆಸರು. ಅವು ಓಡಾಡಿದರೆ ಲೋಹ ಬಾಗುತ್ತದೆ. ಅವನ್ನು ತಡೆದರೆ ಲೋಹ ಗಟ್ಟಿ. ಬೆರೆಸಿದ ಪರಮಾಣು ಬಲ ಕೊಡುವುದು ಮುಖ್ಯವಾಗಿ ಈ ಗೆರೆಗಳ ದಾರಿಗೆ ಅಡ್ಡ ಬಂದು.

1938ರಲ್ಲಿ ಫ್ರಾನ್ಸ್‌ನ ಆಂದ್ರೆ ಗಿನಿಯೆ ಮತ್ತು ಇಂಗ್ಲೆಂಡ್‌ನ ಜಾರ್ಜ್ ಪ್ರೆಸ್ಟನ್ ಕ್ಷಕಿರಣ ಬಿಟ್ಟು ಆ ಗುಂಪುಗಳ ಗುರುತು ಹಿಡಿದರು. ಬರೀ ಒಂದೆರಡು ಪರಮಾಣು ದಪ್ಪದ ತಾಮ್ರದ ಬಿಲ್ಲೆಗಳು. 1956ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಡಿಸ್‌ಲೊಕೇಶನ್‌ಗಳು ಸರಿದಾಡುವುದನ್ನು ಕಣ್ಣಾರೆ ನೋಡಿದರು. ಅದೂ ಅಲ್ಯೂಮಿನಿಯಂನಲ್ಲೇ. ವಿಲ್ಮ್‌ನ ತಗಡಿನ ಗುಟ್ಟು ಪೂರ್ತಿ ಬಿಡಿಸಲು ಅರ್ಧ ಶತಮಾನ ಹಿಡಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಶೇ 4 ತಾಮ್ರ. ನೀರಿಗೆ ಹಾಕಿದ ತಕ್ಷಣ ಲೋಹ ಮೆತ್ತಗೆ. ನಾಲ್ಕು ದಿನ ಬಿಟ್ಟರೆ ಗಟ್ಟಿ. 200 ಡಿಗ್ರಿ ಬಿಸಿಯಲ್ಲಿ ದಿನಗಟ್ಟಲೆ ಇಟ್ಟರೆ ಬಿಲ್ಲೆಗಳು ದಪ್ಪವಾಗಿ, ಎಣಿಕೆಯಲ್ಲಿ ಕಮ್ಮಿಯಾಗಿ, ನಡುವಿನ ಜಾಗ ದೊಡ್ಡದಾಗುತ್ತದೆ. ಡಿಸ್‌ಲೊಕೇಶನ್‌ಗಳು ನಡುವೆ ನುಸುಳುತ್ತವೆ, ಲೋಹ ಮತ್ತೆ ಮೆತ್ತಗೆ. ಮೂರೂ ಸಲ ಪರೀಕ್ಷೆಯ ಚೀಟಿಯಲ್ಲಿ ತಾಮ್ರ ಶೇ 4 ಅಂತಲೇ ಇರುತ್ತದೆ. ಇಷ್ಟು ಸ್ಪಷ್ಟವಾದ ಉದಾಹರಣೆ ಇದ್ದೂ ಮಿಶ್ರಲೋಹವನ್ನು ಬರೀ ಅಡುಗೆಯ ಅಳತೆಯ ಹಾಗೆ ವಿವರಿಸುವುದು ನಿಂತಿಲ್ಲ. ಕಾಯಿಸಿ ತಣಿಸುವ ಹದವನ್ನು ಅಡಿಟಿಪ್ಪಣಿ ಮಾಡಿಬಿಡುತ್ತಾರೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1903ರಲ್ಲಿ ರೈಟ್ ಸಹೋದರರ ವಿಮಾನದ ಎಂಜಿನ್‌ನ ಹೊರಕವಚ ಅಲ್ಯೂಮಿನಿಯಂ ಎರಕದ್ದು, ಅದರಲ್ಲಿ ಸುಮಾರು ಶೇ 8 ತಾಮ್ರ. 1994ರಲ್ಲಿ ಅದರ ಚೂರನ್ನು ಪರೀಕ್ಷಿಸಿದಾಗ ಅದರಲ್ಲೂ ಇದೇ ತಾಮ್ರದ ಬಿಲ್ಲೆಗಳು ಸಿಕ್ಕವು. ವಿಲ್ಮ್‌ಗಿಂತ ಮೂರು ವರ್ಷ ಮೊದಲೇ, ಯಾರಿಗೂ ಗೊತ್ತಿಲ್ಲದೆ, ಆ ಎರಕಕ್ಕೆ ಹದ ಸಿಕ್ಕಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಉಕ್ಕಿನ ಕೆಲಸದಲ್ಲಿ ರಿವೆಟ್ ಹೋಗಿ ವೆಲ್ಡಿಂಗ್ ಬರತೊಡಗಿತ್ತು. ಕಾರ್ಬನ್ ಜಾಸ್ತಿ ಇದ್ದರೆ ವೆಲ್ಡ್ ಪಕ್ಕದ ಉಕ್ಕು ಪೆಡಸಾಗಿ ಬಿರುಕು ಬಿಡುತ್ತದೆ. ಬೇರೆ ಧಾತುಗಳೂ ಇದೇ ತೊಂದರೆ ಕೊಡುತ್ತವೆ. ಅದಕ್ಕೇ ವೆಲ್ಡಿಂಗ್ ಎಂಜಿನಿಯರುಗಳು ಮ್ಯಾಂಗನೀಸನ್ನು 6ರಿಂದ ಭಾಗಿಸಿ, ಕ್ರೋಮಿಯಂ, ಮಾಲಿಬ್ಡಿನಂ, ವನೇಡಿಯಂ ಮೂರನ್ನೂ 5ರಿಂದ, ನಿಕಲ್ ಮತ್ತು ತಾಮ್ರವನ್ನು 15ರಿಂದ ಭಾಗಿಸಿ, ಎಲ್ಲವನ್ನೂ ಕಾರ್ಬನ್ ಲೆಕ್ಕಕ್ಕೆ ಸೇರಿಸುತ್ತಾರೆ. ಬಲಕ್ಕೆಂದು ಹಾಕಿದ್ದೆಲ್ಲ ಇಲ್ಲಿ ಸಾಲದ ಖಾತೆಗೆ ಹೋಗುತ್ತದೆ.

ಕಾರ್ಬನ್ ಇಲ್ಲದೆ ಬಲ ತರುವುದು ಹೇಗೆ? 1950ರ ದಶಕದ ಮೊದಲಲ್ಲಿ ಹಾಲ್ ಮತ್ತು ಪೆಚ್ ಅನ್ನುವ ಇಬ್ಬರು, ಹರಳು ಸಣ್ಣದಾದಷ್ಟೂ ಉಕ್ಕು ಗಟ್ಟಿ ಅನ್ನುವ ಲೆಕ್ಕ ಕೊಟ್ಟಿದ್ದರು. ಹರಳು ಸಣ್ಣದಾದರೆ ಬಲವೂ ಬರುತ್ತದೆ, ಪೆಡಸುತನವೂ ಕಮ್ಮಿಯಾಗುತ್ತದೆ. ಇಂಥ ಎರಡು ಲಾಭ ಬೇರೆ ದಾರಿಯಲ್ಲಿ ಸಿಗುವುದು ಅಪರೂಪ. 1950ರ ದಶಕದ ಕೊನೆಯಿಂದ ನಿಯೋಬಿಯಂ ಉಕ್ಕು ಮಾರುಕಟ್ಟೆಗೆ ಬಂತು. ಹಾಕುವುದು ಶೇ 0.1ಕ್ಕಿಂತ ಕಮ್ಮಿ. ಅದರ ಪುಟಾಣಿ ಕಾರ್ಬೈಡ್ ಕಣಗಳು ರೋಲಿಂಗ್ ಮಾಡುವಾಗ ಹರಳು ಬೆಳೆಯದಂತೆ ಅಂಚನ್ನು ಹಿಡಿದಿಡುತ್ತವೆ. ಆದರೆ ರೋಲಿಂಗ್ ಬಿಸಿ ಹಿಡಿತದಲ್ಲಿ ಇರಬೇಕು. ಬಿಸಿ ತಪ್ಪಿದರೆ ಅದೇ ನಿಯೋಬಿಯಂ ಉಕ್ಕನ್ನು ಗಟ್ಟಿ ಮಾಡುತ್ತದೆ, ಜೊತೆಗೆ ಪೆಡಸೂ ಮಾಡುತ್ತದೆ.

ಜೆಟ್ ಎಂಜಿನ್‌ಗಳ ನಿಕಲ್ ಲೋಹಗಳಲ್ಲಿ ಬೆರಕೆ ಹತ್ತು ಧಾತುಗಳವರೆಗೂ ಹೋಯಿತು. ಬಿಸಿಯಲ್ಲಿ ಎಳೆತಕ್ಕೆ ಸಿಕ್ಕ ಲೋಹ ನಿಧಾನಕ್ಕೆ ಉದ್ದವಾಗುತ್ತಾ ಹೋಗದಿರಲಿ ಅಂತ ಶೇ 3, ಆಮೇಲೆ ಶೇ 6ರವರೆಗೆ ರೀನಿಯಂ ಹಾಕಿದರು. ಇನ್ನೂ ಜಾಸ್ತಿಯಾದರೆ ಒಳಗೆ ತೆಳು ಹಾಳೆಯಂಥ ಪೆಡಸು ಕಣಗಳು ಹುಟ್ಟಿಕೊಳ್ಳುತ್ತವೆ. 2004ರಲ್ಲಿ ಇನ್ನೊಂದು ತಿರುವು. ಐದು ಲೋಹಗಳನ್ನು ಸಮಪಾಲು ಬೆರೆಸಿದ 'ಹೈ ಎಂಟ್ರೊಪಿ' ಮಿಶ್ರಲೋಹಗಳು ಬಂದವು. ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕಲ್ ಸೇರಿದ ಒಂದು ಬೆರಕೆ, ದ್ರವ ಸಾರಜನಕದಷ್ಟು ತಣ್ಣಗಾದರೂ ಪೆಡಸಾಗುವುದಿಲ್ಲ. ಇಷ್ಟೊಂದು ಬೆರೆಸಿದ್ದರಿಂದಲೇ ಎಲ್ಲವೂ ಒಂದೇ ಬಗೆಯ ಹರಳಾಗಿ ಉಳಿಯುತ್ತದೆ ಅನ್ನುವ ಮೊದಲ ವಿವರಣೆ ಮಾತ್ರ ಪೂರ್ತಿ ನಿಲ್ಲಲಿಲ್ಲ. ಹೀಗೆ ಬೆರೆಸಿದ ಎಷ್ಟೋ ಲೋಹಗಳು ಒಳಗೆ ಎರಡು ಮೂರು ಬಗೆಯ ಹರಳುಗಳಾಗಿ ಒಡೆದುಕೊಂಡವು.

ಈಗಿನ ದೊಡ್ಡ ಗಂಟು ಗುಜರಿಯಲ್ಲಿದೆ. ಹಳೇ ಕಾರನ್ನು ಪುಡಿಮಾಡಿ ಕರಗಿಸಿದರೆ ಅದರ ವೈರುಗಳ ತಾಮ್ರವೂ ಉಕ್ಕಿಗೆ ಸೇರುತ್ತದೆ. ಆಮ್ಲಜನಕ ಊದಿದರೆ ಕಬ್ಬಿಣಕ್ಕಿಂತ ಬೇಗ ಸುಡುವ ಧಾತುಗಳು ಹೋಗುತ್ತವೆ. ತಾಮ್ರ, ತವರ, ನಿಕಲ್ ಹೋಗುವುದಿಲ್ಲ. ಉಕ್ಕನ್ನು ಮತ್ತೆ ಕಾಯಿಸಿ ರೋಲ್ ಮಾಡುವಾಗ ಮೇಲ್ಮೈಯ ಕಬ್ಬಿಣ ಸುಟ್ಟು ತಾಮ್ರ ಮಾತ್ರ ಉಳಿದು, ಕರಗಿ, ಹರಳುಗಳ ಅಂಚಿಗೆ ಇಳಿಯುತ್ತದೆ. ಬೆಸಿಮರ್ ಕಾಲದ ಗಂಧಕದ ಬಿರುಕೇ ಮತ್ತೆ ಬಂದ ಹಾಗೆ. ಅಲ್ಯೂಮಿನಿಯಂನಲ್ಲಿ ಗುಜರಿಯ ಕಬ್ಬಿಣ ಸೂಜಿಯಂಥ ಕಣಗಳಾಗಿ ಕೂತು ಬಿರುಕಿಗೆ ದಾರಿ ಮಾಡುತ್ತದೆ. ಕಬ್ಬಿಣ ತೆಗೆಯಲಾಗದೆ ಮ್ಯಾಂಗನೀಸ್ ಹಾಕಿ ಸೂಜಿಯ ಆಕಾರ ಬದಲಿಸುತ್ತಾರೆ. ಬೆರೆಸುವುದಕ್ಕೆ ಪಟ್ಟಷ್ಟು ಶ್ರಮವನ್ನು ಬೇರ್ಪಡಿಸುವುದಕ್ಕೂ ಪಟ್ಟಿದ್ದರೆ ಇವತ್ತಿನ ಕೆಲಸ ಹಗುರಾಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಸದ್ಯಕ್ಕೆ ಉಕ್ಕಿನವರು ಅದಿರಿನಿಂದ ಬಂದ ಹೊಸ ಕಬ್ಬಿಣ ಸೇರಿಸಿ ತಾಮ್ರದ ಪಾಲು ತೆಳುಮಾಡುತ್ತಾರೆ. ಇಲ್ಲವೇ ನಿಕಲ್ ಹಾಕುತ್ತಾರೆ. ನಿಕಲ್ ಜೊತೆಗಿದ್ದರೆ ತಾಮ್ರ ಅಷ್ಟು ಬೇಗ ಕರಗಿ ಅಂಚಿಗೆ ಇಳಿಯುವುದಿಲ್ಲ. ಆ ಉಕ್ಕು ಮುಂದೊಂದು ದಿನ ಗುಜರಿಯಾಗಿ ಕುಲುಮೆಗೆ ಬಂದಾಗ, ತೆಗೆಯಲಾಗದ ಧಾತುಗಳಲ್ಲಿ ಈ ನಿಕಲ್ ಕೂಡ ಇರುತ್ತದೆ.